ಮಾಧ್ಯಮ ಅಧ್ಯಯನದ ಜೊತೆಗೆ ಅಪರಾಧಶಾಸ್ತ್ರ: ಜಂಟಿ ಪದವಿಯೋ, ಮೇಜರ್–ಮೈನರೋ?

ಮಾಧ್ಯಮ ಅಧ್ಯಯನ ಮತ್ತು ಅಪರಾಧಶಾಸ್ತ್ರ ಎರಡನ್ನೂ ವಿಶ್ವವಿದ್ಯಾಲಯದಲ್ಲಿ ಒಟ್ಟಿಗೆ ಓದಬೇಕೆನ್ನುವವರ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಒಂದನ್ನು ಮೇಜರ್ (ಮುಖ್ಯ ವಿಷಯ) ಆಗಿ, ಇನ್ನೊಂದನ್ನು ಮೈನರ್ (ಉಪವಿಷಯ) ಆಗಿ ತೆಗೆದುಕೊಳ್ಳಬಹುದು. ಇಲ್ಲವೇ ಎರಡಕ್ಕೂ ಸಮಪಾಲು ಇರುವ ಜಂಟಿ ಪದವಿಗೆ ಸೇರಬಹುದು. ನಾನು ಮಾಧ್ಯಮವನ್ನು ಮೇಜರ್ ಆಗಿಟ್ಟುಕೊಂಡು ಓದಲು ಆರಂಭಿಸಿ, ನಡುವೆ ಜಂಟಿ ಪದವಿಗೆ ವರ್ಗಾವಣೆ ಪಡೆದು, ಅದರಲ್ಲೇ ಪದವಿ ಮುಗಿಸಿದೆ. ಎರಡರಲ್ಲೂ ಓದಿದ ಅನುಭವದಿಂದ ನನ್ನ ಒಲವು ಜಂಟಿ ಪದವಿಯ ಕಡೆಗಿದೆ. ಆದರೆ ಅದಕ್ಕೊಂದು ಷರತ್ತಿದೆ: ಎರಡೂ ವಿಷಯಗಳ ವಿಧಾನಗಳನ್ನು ಒಂದೇ ಪ್ರಶ್ನೆಗೆ ಹಚ್ಚಿ ನೋಡುವ ಪತ್ರಿಕೆಯೊಂದು (ಪೇಪರ್) ಆ ಪಠ್ಯಕ್ರಮದಲ್ಲಿ ಇರಲೇಬೇಕು. ಅದಿಲ್ಲದ ಜಂಟಿ ಪದವಿಗಿಂತ ಒಳ್ಳೆಯ ಮೇಜರ್ ಎಷ್ಟೋ ಮೇಲು.

ಮೇಜರ್–ಮೈನರ್ ವ್ಯವಸ್ಥೆಯ ದೊಡ್ಡ ಅನುಕೂಲವೆಂದರೆ ಒಂದು ವಿಷಯದಲ್ಲಾದರೂ ಕೈ ಚೆನ್ನಾಗಿ ಪಳಗುತ್ತದೆ. ವರದಿಗಾರಿಕೆ, ಸಂಕಲನ, ಮಾಧ್ಯಮ ಕಾನೂನು, ಪ್ರೇಕ್ಷಕರ ಅಧ್ಯಯನ ಇವೆಲ್ಲಕ್ಕೂ ಬೇಕಾದಷ್ಟು ಸಮಯ ಸಿಗುತ್ತದೆ, ಮತ್ತು ಒಂದೇ ವರದಿಯನ್ನು ಮತ್ತೆ ಮತ್ತೆ ತಿದ್ದಿ ಬರೆಸುವ ವ್ಯವಧಾನ ಅಧ್ಯಾಪಕರಿಗೂ ಇರುತ್ತದೆ. ಕೊರತೆ ಕಾಣುವುದು ಮೈನರ್‌ನಲ್ಲಿ. ಅಲ್ಲಿ ಅಪರಾಧಶಾಸ್ತ್ರವು ಹೆಚ್ಚಾಗಿ ಸಿದ್ಧಾಂತಗಳ ಇತಿಹಾಸವಾಗಿ ನಮ್ಮ ಮುಂದೆ ಬರುತ್ತದೆ: ಬೆಕಾರಿಯಾ 1764ರಲ್ಲಿ ದಂಡನೆಯ ಬಗ್ಗೆ ಬರೆದದ್ದು, ಲೊಂಬ್ರೋಸೋ 1876ರಲ್ಲಿ ಅಪರಾಧಿಗಳ ದೇಹಲಕ್ಷಣವೇ ಬೇರೆ ಎಂದು ವಾದಿಸಿದ್ದು, ಮರ್ಟನ್ 1938ರಲ್ಲಿ ಸಮಾಜ ಮುಂದಿಡುವ ಗುರಿಗೂ ಅದನ್ನು ತಲುಪಲು ಜನರಿಗೆ ಸಿಗುವ ದಾರಿಗೂ ನಡುವಿನ ಅಂತರವನ್ನು ಎತ್ತಿ ತೋರಿಸಿದ್ದು, ಸದರ್ಲ್ಯಾಂಡ್ 1939ರಲ್ಲಿ ವೈಟ್ ಕಾಲರ್ ಅಪರಾಧದ, ಅಂದರೆ ಪ್ರತಿಷ್ಠಿತರು ತಮ್ಮ ವೃತ್ತಿಯಲ್ಲೇ ಎಸಗುವ ಅಪರಾಧದ, ಕಲ್ಪನೆಯನ್ನು ಮಂಡಿಸಿದ್ದು. ಇದೆಲ್ಲ ತಿಳಿದಿರಬೇಕಾದದ್ದೇ. ಆದರೆ ಅಪರಾಧದ ಅಂಕಿಅಂಶಗಳು ಹೇಗೆ ಹುಟ್ಟುತ್ತವೆ ಎಂಬುದನ್ನು ಕಲಿಸುವ ವಿಧಾನದ ಪತ್ರಿಕೆಗಳು ಹೆಚ್ಚಾಗಿ ಅಪರಾಧಶಾಸ್ತ್ರವನ್ನೇ ಮೇಜರ್ ಆಗಿ ಓದುವವರಿಗೆ ಮೀಸಲಾಗಿರುತ್ತವೆ. ಠಾಣೆಯಲ್ಲಿ ದಾಖಲಾದ ಪ್ರಕರಣಗಳ ಸಂಖ್ಯೆ ಮತ್ತು ನಡೆದ ಅಪರಾಧಗಳ ಸಂಖ್ಯೆ ಒಂದೇ ಅಲ್ಲ. ದೂರು ಕೊಡದೆ ಉಳಿದವು ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕಾಗಿಯೇ ಅಮೆರಿಕದಲ್ಲಿ 1973ರಿಂದಲೂ ಬ್ರಿಟನ್ನಿನಲ್ಲಿ 1982ರಿಂದಲೂ ಜನರನ್ನೇ ನೇರವಾಗಿ ಕೇಳಿ ತಿಳಿಯುವ ಸಮೀಕ್ಷೆಗಳು ನಡೆಯುತ್ತಿವೆ. ಅಪರಾಧ ಹೆಚ್ಚಿದೆ ಎಂಬ ಸುದ್ದಿಯನ್ನು ಬರೆಯಬೇಕಾದವರಿಗೆ ಸಿದ್ಧಾಂತಗಳ ಇತಿಹಾಸಕ್ಕಿಂತ ಮೊದಲು ಬೇಕಾದದ್ದು ಈ ತಿಳಿವಳಿಕೆ.

ಒಂದೇ ಪ್ರಶ್ನೆ ಎರಡೂ ಕಡೆ ಹೇಗೆ ಬೇರೆಯಾಗುತ್ತದೆ ಎಂಬುದಕ್ಕೆ ಮಾಧ್ಯಮ ಸಂಶೋಧಕ ಜಾರ್ಜ್ ಗರ್ಬ್ನರ್ ಅವರ ಸಂಶೋಧನೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಟಿವಿಯನ್ನು ಹೆಚ್ಚು ನೋಡುವವರು ಜಗತ್ತನ್ನು ಅದು ಇರುವುದಕ್ಕಿಂತ ಹೆಚ್ಚು ಅಪಾಯಕಾರಿ ಎಂದು ಭಾವಿಸುತ್ತಾರೆ ಎಂಬುದು ಅವರು ಮತ್ತು ಅವರ ಸಹೋದ್ಯೋಗಿಗಳು ಮುಂದಿಟ್ಟ ವಾದ. ಮಾಧ್ಯಮ ಮೇಜರ್‌ನಲ್ಲಿ ಇದನ್ನು ಒಂದು ಪ್ರಭಾವ ಸಿದ್ಧಾಂತವಾಗಿ, ಅದರ ಮುಖ್ಯ ಆಕ್ಷೇಪಗಳೊಂದಿಗೆ ಓದಿದ್ದೆವು. ಜಂಟಿ ಪದವಿಯ ತರಗತಿಯಲ್ಲಿ ಅದೇ ವಾದದ ಪಕ್ಕದಲ್ಲಿ ಡೂಬ್ ಮತ್ತು ಮ್ಯಾಕ್‌ಡೊನಾಲ್ಡ್ ಅವರು ಟೊರಾಂಟೊದಲ್ಲಿ ನಡೆಸಿ 1979ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಟ್ಟರು. ಟಿವಿ ನೋಡುವ ಪ್ರಮಾಣದೊಂದಿಗೆ, ಜನರು ವಾಸಿಸುವ ಪ್ರದೇಶದಲ್ಲಿ ನಿಜಕ್ಕೂ ಎಷ್ಟು ಅಪರಾಧ ನಡೆಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ, ಟಿವಿಗೂ ಭಯಕ್ಕೂ ಒಟ್ಟಾರೆ ಇದ್ದಂತೆ ಕಂಡ ನಂಟು ಬಹುಪಾಲು ಕರಗಿಹೋಯಿತು. ಹೆಚ್ಚು ಅಪರಾಧ ನಡೆಯುವ ಕಡೆ ಇರುವವರು ಮನೆಯೊಳಗೇ ಉಳಿದು ಹೆಚ್ಚು ಟಿವಿ ನೋಡುತ್ತಿರಬಹುದು, ಅವರ ಭಯಕ್ಕೆ ಕಾರಣ ಪರದೆಯಲ್ಲ, ಬೀದಿ ಇರಬಹುದು. ಈ ಚರ್ಚೆ ಅಲ್ಲಿಗೇ ಮುಗಿಯಲಿಲ್ಲವೆಂಬುದು ಬೇರೆ ಮಾತು. ಆದರೆ ಪ್ರೇಕ್ಷಕರ ಬಗೆಗಿನ ಪ್ರಶ್ನೆಯೊಂದಕ್ಕೆ ಉತ್ತರ ಬೇಕಿದ್ದರೆ ಆ ಪ್ರೇಕ್ಷಕರ ಓಣಿಯ ಅಪರಾಧದ ಪ್ರಮಾಣ ತಿಳಿದಿರಬೇಕು ಎಂಬ ಅರಿವು ಎರಡೂ ವಿಷಯಗಳನ್ನು ಒಟ್ಟಿಗೆ ಓದುವವರಿಗೆ ಸುಲಭವಾಗಿ ಬರುತ್ತದೆ.

ಎರಡನೆಯ ವ್ಯತ್ಯಾಸ ಪ್ರಾಯೋಗಿಕ ಕೆಲಸದಲ್ಲಿ ಎದ್ದು ಕಾಣುತ್ತದೆ. ಜಂಟಿ ಪದವಿಯಲ್ಲಿ ನ್ಯಾಯಾಲಯದ ಕಲಾಪವೊಂದನ್ನು ಎರಡು ಬಗೆಯಲ್ಲಿ ದಾಖಲಿಸುವ ಕೆಲಸ ಕೊಟ್ಟಿದ್ದರು. ಅದೊಂದು ಜಾಮೀನು ಅರ್ಜಿಯ ವಿಚಾರಣೆ, ಕೆಲವೇ ನಿಮಿಷಗಳಲ್ಲಿ ಮುಗಿಯಿತು. ವರದಿಗಾರಿಕೆಯ ಟಿಪ್ಪಣಿಯಲ್ಲಿ ನನಗೆ ಬೇಕಾದದ್ದು ಆರೋಪ ಯಾವುದು, ಯಾವ ಕಲಮಿನಡಿ, ಎರಡೂ ಕಡೆಯ ವಕೀಲರು ಏನು ವಾದಿಸಿದರು, ಆದೇಶವೇನು ಎಂಬುದು. ಅಪರಾಧಶಾಸ್ತ್ರದ ವೀಕ್ಷಣಾ ಹಾಳೆಯ ಕಾಲಂಗಳು ಬೇರೆಯೇ ಇದ್ದವು: ಯಾರು ಎಷ್ಟು ಹೊತ್ತು ಮಾತಾಡಿದರು, ಆರೋಪಿಯನ್ನು ಉದ್ದೇಶಿಸಿ ಯಾರಾದರೂ ಮಾತಾಡಿದರೇ, ಆದೇಶದ ಅರ್ಥವನ್ನು ಆತನಿಗೆ ಬಿಡಿಸಿ ಹೇಳಿದರೇ. ವಿಚಾರಣೆಯುದ್ದಕ್ಕೂ ಆರೋಪಿ ಒಂದು ಮಾತನ್ನೂ ಆಡಿರಲಿಲ್ಲ. ಆದೇಶವಾದ ಮೇಲೆ ಏನಾಯಿತೆಂದು ಪಕ್ಕದಲ್ಲಿದ್ದ ಪೇದೆಯನ್ನು ಕೇಳಿದ. ನನ್ನ ವರದಿಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ, ವೀಕ್ಷಣಾ ಹಾಳೆಯಲ್ಲಿ ಅದೇ ಮುಖ್ಯ ಅಂಶವಾಯಿತು. ವರದಿ ತಪ್ಪಾಗಿತ್ತೆಂದು ಅರ್ಥವಲ್ಲ. ಒಂದು ಅಧ್ಯಯನ ಶಿಸ್ತು ಕೇಳುವ ಪ್ರಶ್ನೆಯನ್ನು ಇನ್ನೊಂದು ಕೇಳುವುದೇ ಇಲ್ಲ ಎಂಬುದು ಒಂದೇ ಬೆಂಚಿನ ಮೇಲೆ ಕುಳಿತು ಎರಡೂ ಟಿಪ್ಪಣಿಗಳನ್ನು ಬರೆದಾಗ ಮನದಟ್ಟಾಯಿತು.

ಎರಡೂ ಶಿಸ್ತುಗಳ ನೀತಿಸಂಹಿತೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದೂ ಜಂಟಿ ಪದವಿಯಲ್ಲೇ. ಪತ್ರಕರ್ತರಿಗೆ ಮೂಲದ ಹೆಸರು ಬೇಕು. ಹೆಸರಿದ್ದರೆ ಮಾತಿಗೆ ತೂಕ ಬರುತ್ತದೆ, ಹೆಸರು ಮುಚ್ಚಿಡಲು ಬಲವಾದ ಕಾರಣ ಕೊಡಬೇಕಾಗುತ್ತದೆ. ಸಂಶೋಧಕರ ರೂಢಿ ಬಹುತೇಕ ಇದಕ್ಕೆ ತಿರುಗುಮುರುಗು: ಹೆಸರು ಮುಚ್ಚಿಡುವುದೇ ನಿಯಮ, ಲಿಖಿತ ಒಪ್ಪಿಗೆ ಪಡೆಯಬೇಕು, ಸಂದರ್ಶನ ಮುಗಿದ ಮೇಲೂ ಹಿಂದೆ ಸರಿಯುವ ಅವಕಾಶವನ್ನು ಸಾಮಾನ್ಯವಾಗಿ ಕೊಡಬೇಕು, ನೈತಿಕ ಪರಿಶೀಲನಾ ಸಮಿತಿ ಒಪ್ಪದ ಹೊರತು ಮೊದಲ ಪ್ರಶ್ನೆಯನ್ನೂ ಕೇಳುವಂತಿಲ್ಲ. ಶಿಕ್ಷೆ ಮುಗಿಸಿ ಜೈಲಿನಿಂದ ಹೊರಬಂದವರೊಬ್ಬರನ್ನು ಮಾತಾಡಿಸುವಾಗ ಈ ಎರಡರಲ್ಲಿ ಯಾವುದನ್ನು ಪಾಲಿಸುತ್ತೇವೆ ಎಂಬುದರ ಮೇಲೆ ಅವರ ಮುಂದಿನ ಕೆಲಸ, ಬಾಡಿಗೆ ಮನೆ, ಮಕ್ಕಳ ಶಾಲೆ ಎಲ್ಲವೂ ನಿಂತಿರಬಹುದು. ಮೇಜರ್–ಮೈನರ್‌ನಲ್ಲಿ ನಾನು ಒಂದು ಸಂಹಿತೆಯನ್ನಷ್ಟೇ ಕಲಿತಿದ್ದೆ, ಅದು ಪ್ರಶ್ನಾತೀತವೆಂಬಂತೆ ಕಲಿತಿದ್ದೆ. ಜಂಟಿ ಪದವಿಯಲ್ಲಿ ಎರಡನ್ನೂ ಎದುರುಬದುರು ಇಟ್ಟು ವಾದಿಸಬೇಕಾಯಿತು. ಬೇರೆ ಯಾವ ಕಾರಣ ಇಲ್ಲದಿದ್ದರೂ ಇದೊಂದಕ್ಕಾಗಿಯೇ ನಾನು ಜಂಟಿ ಪದವಿಯನ್ನು ಶಿಫಾರಸು ಮಾಡುತ್ತೇನೆ.

ಜಂಟಿ ಪದವಿಯ ನಷ್ಟಗಳನ್ನೂ ಮುಚ್ಚಿಡುವಂತಿಲ್ಲ. ಎಲ್ಲಕ್ಕಿಂತ ಮೊದಲನೆಯದು ಪುನರಾವರ್ತನೆ. 1964ರಲ್ಲಿ ಕ್ಲಾಕ್ಟನ್ ಕಡಲತೀರದಲ್ಲಿ ಯುವಕರ ನಡುವೆ ನಡೆದ ಸಣ್ಣ ಗಲಾಟೆಯನ್ನು ಪತ್ರಿಕೆಗಳು ಹಿಗ್ಗಿಸಿದ ಬಗೆಯಿಂದ ಆರಂಭಿಸಿ ಸ್ಟ್ಯಾನ್ಲಿ ಕೊಹೆನ್ ಅವರು 1972ರಲ್ಲಿ ಬೆಳೆಸಿದ ನೈತಿಕ ಭೀತಿಯ (ಯಾವುದೋ ಗುಂಪು ಇಡೀ ಸಮಾಜಕ್ಕೇ ಅಪಾಯವೆಂಬ ಅತಿರೇಕದ ಆತಂಕ) ಪರಿಕಲ್ಪನೆಯನ್ನು ಎರಡೂ ವಿಭಾಗಗಳು ಹೊಸದೆಂಬಂತೆ ಪಾಠ ಮಾಡಿದವು. ಸುದ್ದಿಮೌಲ್ಯಗಳ, ಅಂದರೆ ಘಟನೆಯೊಂದನ್ನು ಸುದ್ದಿಯಾಗಿಸುವ ಗುಣಗಳ, ಗತಿಯೂ ಅದೇ: ಒಂದು ಕಡೆ ಗಾಲ್ಟುಂಗ್ ಮತ್ತು ರೂಗೆ 1965ರಲ್ಲಿ ಕೊಟ್ಟ ಪಟ್ಟಿ, ಇನ್ನೊಂದು ಕಡೆ ಜ್ಯೂಕ್ಸ್ 2004ರಲ್ಲಿ ಅಪರಾಧ ಸುದ್ದಿಗಾಗಿಯೇ ಗುರುತಿಸಿದ 12 ಮೌಲ್ಯಗಳು, ಇವೆರಡನ್ನು ಹೋಲಿಸುವ ಕೆಲಸ ಮಾತ್ರ ವಿದ್ಯಾರ್ಥಿಯ ಪಾಲಿಗೆ. ಇನ್ನು ಸ್ಟುಡಿಯೋ ಮತ್ತು ಸಂಕಲನದ ಅವಧಿ ಮೇಜರ್‌ಗೆ ಹೋಲಿಸಿದರೆ ಬಹಳ ಕಡಿಮೆ. ಪದವಿ ಮುಗಿದ ಕೂಡಲೇ ಕ್ಯಾಮೆರಾ ಹಿಡಿಯುವ ಕೆಲಸಕ್ಕೆ ಹೋಗಬೇಕೆನ್ನುವವರಿಗೆ ಇದು ನಿಜವಾದ ಹಿನ್ನಡೆ.

ಅಂತಿಮ ವರ್ಷದ ಸಂಶೋಧನಾ ಪ್ರಬಂಧದ ವಿಷಯದಲ್ಲಿ ಎರಡಕ್ಕೂ ತಮ್ಮದೇ ತೊಡಕುಗಳಿವೆ. ಮೇಜರ್‌ನಲ್ಲಿ ಮಾರ್ಗದರ್ಶಕರು ಒಬ್ಬರೇ, ನಿರೀಕ್ಷೆಯೂ ಸ್ಪಷ್ಟ. ಜಂಟಿ ಪದವಿಯಲ್ಲಿ ನನಗೆ ಇಬ್ಬರು ಮಾರ್ಗದರ್ಶಕರಿದ್ದರು. ಪತ್ರಿಕೆಗಳು ಯಾರನ್ನು ನಿಷ್ಪಾಪಿ ಸಂತ್ರಸ್ತರೆಂದು ಚಿತ್ರಿಸುತ್ತವೆ ಎಂಬುದು ನನ್ನ ವಿಷಯ. ನಿಲ್ಸ್ ಕ್ರಿಸ್ಟಿ ಅವರು 1986ರಲ್ಲಿ ಮಂಡಿಸಿದ ಆದರ್ಶ ಸಂತ್ರಸ್ತರ ಕಲ್ಪನೆ ಅದಕ್ಕೆ ಆಧಾರ. ದುರ್ಬಲರು, ಗೌರವದ ಕೆಲಸದಲ್ಲಿ ತೊಡಗಿದ್ದವರು, ಇರಬಾರದ ಜಾಗದಲ್ಲಿ ಇಲ್ಲದವರು, ಬಲಶಾಲಿಯಾದ ಅಪರಿಚಿತನಿಂದ ಹಲ್ಲೆಗೊಳಗಾದವರು ಸುಲಭವಾಗಿ ಸಂತ್ರಸ್ತರೆನಿಸಿಕೊಳ್ಳುತ್ತಾರೆ ಎನ್ನುತ್ತಾರೆ ಅವರು. ಮಾಧ್ಯಮ ವಿಭಾಗದವರು ಕೆಲವೇ ವರದಿಗಳನ್ನು ಸಾಲುಸಾಲಾಗಿ ಬಿಡಿಸಿ ಓದು ಎಂದರು. ಅಪರಾಧಶಾಸ್ತ್ರದವರು ಹೆಚ್ಚು ವರದಿಗಳನ್ನು ಕೋಡ್ ಮಾಡಿ (ನಿಗದಿತ ವರ್ಗಗಳಾಗಿ ವಿಂಗಡಿಸಿ), ದಾಖಲಾದ ಪ್ರಕರಣಗಳಲ್ಲಿ ಆರೋಪಿ ಪರಿಚಿತನಾಗಿದ್ದ ಪ್ರಮಾಣದೊಂದಿಗೆ ಹೋಲಿಸು ಎಂದರು. ಎರಡನ್ನೂ ಮಾಡಿದ್ದರಿಂದ ಶ್ರಮ ಹೆಚ್ಚಾಯಿತು, ಪ್ರಬಂಧ ಗಟ್ಟಿಯಾಯಿತು. ಇಬ್ಬರೂ ಮಾರ್ಗದರ್ಶಕರು ಒಂದೇ ಮೇಜಿನ ಸುತ್ತ ಕೂರಲು ಸಿದ್ಧರಿದ್ದುದರಿಂದ ಇದು ಸಾಧ್ಯವಾಯಿತು. ಅವರು ಬೇರೆ ಬೇರೆಯಾಗಿ ಸಲಹೆ ಕೊಟ್ಟಿದ್ದರೆ ವಿದ್ಯಾರ್ಥಿ ನಡುವೆ ಸಿಕ್ಕಿ ನಲುಗುವುದು ಖಂಡಿತ.

ಪದವಿಯಲ್ಲಿ ಒಂದನ್ನು ಮುಗಿಸಿ ಸ್ನಾತಕೋತ್ತರದಲ್ಲಿ ಇನ್ನೊಂದಕ್ಕೆ ಸೇರುವ ಮೂರನೆಯ ದಾರಿಯೂ ಇದೆ. ಅದರಲ್ಲಿ ನಾನು ನಡೆದಿಲ್ಲವಾದ್ದರಿಂದ ಹೆಚ್ಚು ಹೇಳುವುದಿಲ್ಲ. ವರದಿಗಾರಿಕೆಯೇ ಗುರಿಯಾಗಿರುವವರು ಮಾಧ್ಯಮವನ್ನು ಮೇಜರ್ ಮಾಡಿಕೊಂಡು, ಮೈನರ್‌ನಲ್ಲಿ ಸಂಖ್ಯಾಶಾಸ್ತ್ರ ಅಥವಾ ಸಂತ್ರಸ್ತರ ಅಧ್ಯಯನದ ಪತ್ರಿಕೆಗೆ ಅವಕಾಶವಿದೆಯೇ ಎಂದು ನೋಡಿಕೊಳ್ಳಲಿ. ಸಂಶೋಧನೆ, ನೀತಿನಿರೂಪಣೆ, ಸಂತ್ರಸ್ತರ ಅಥವಾ ಕೈದಿಗಳ ಪರ ಕೆಲಸ ಮಾಡುವ ಸಂಸ್ಥೆಗಳತ್ತ ಮನಸ್ಸಿರುವವರಿಗೆ ಜಂಟಿ ಪದವಿ ಹೆಚ್ಚು ಒಗ್ಗುತ್ತದೆ. ಅರ್ಜಿ ಹಾಕುವ ಮೊದಲು ಪಠ್ಯಕ್ರಮದ ಪ್ರತಿಯನ್ನು ತರಿಸಿಕೊಂಡು, ಎರಡೂ ವಿಭಾಗಗಳ ಅಧ್ಯಾಪಕರು ಸೇರಿ ನಡೆಸುವ ಪತ್ರಿಕೆ ಯಾವುದು, ಅದು ಕಡ್ಡಾಯವೋ ಐಚ್ಛಿಕವೋ, ಪ್ರಬಂಧಕ್ಕೆ ಅಂಕ ಕೊಡುವವರು ಯಾರು ಎಂಬ ಮೂರನ್ನೂ ವಿಭಾಗದ ಸಂಯೋಜಕರಿಂದ ಬರವಣಿಗೆಯಲ್ಲಿ ಕೇಳಿ ಪಡೆಯುವುದು ಒಳ್ಳೆಯದು.