ಒಂದು ಮಳೆಗಾಲ ನೋಡದೆ ವರ್ಷದ ದುಡ್ಡು ಕೊಡಬೇಡಿ

ಊರಿಗೆ ಫೈಬರ್ ಬಂದಿದೆ, ವರ್ಷದ್ದು ಒಟ್ಟಿಗೆ ಕಟ್ಟಿದರೆ ಎರಡು ತಿಂಗಳು ಪುಕ್ಕಟೆ ಅಂತ ಯಾರಾದರೂ ನಿಮ್ಮ ಜಗಲಿಗೆ ಬಂದು ಕೂತಿದ್ದರೆ ಅವರಿಗೊಂದು ಲೋಟ ಚಹಾ ಕೊಡಿ. ದುಡ್ಡು ಕೊಡಬೇಡಿ. ನಾನು ಕೊಟ್ಟೆ. ನಾನೊಬ್ಬನೇ ಕೊಟ್ಟಿದ್ದರೆ ನುಂಗಿಕೊಂಡು ಸುಮ್ಮನಿರುತ್ತಿದ್ದೆ, ಕೇರಿಯ ಇನ್ನೂ ಹದಿಮೂರು ಮನೆಯವರಿಂದ ಕೊಡಿಸಿದ್ದೇನೆ. ಅದಕ್ಕೇ ಈ ಬರಹ.

ನಮ್ಮದು ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಒಳಗಿನ ಊರು. ಮೊಬೈಲ್ ಸಿಗ್ನಲ್ ಅಂದರೆ ಮೆತ್ತಿನ (ಮಹಡಿಯ) ಕಿಟಕಿಯಲ್ಲಿ ಒಂದು ಕಡ್ಡಿ, ಅದೂ ಮೋಡ ಇಲ್ಲದಿದ್ದರೆ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರು ಬಿಟ್ಟು ಬಂದಾಗ ಸೊಪ್ಪಿನ ಬೆಟ್ಟದ ನೆತ್ತಿಯಲ್ಲಿ ತಾಡಪಾಲು ಕಟ್ಟಿಕೊಂಡು ಕೆಲಸ ಮಾಡಿದವನು ನಾನು. ಮೀಟಿಂಗ್ ನಡೆಯುವಾಗ ಒಂದು ಕೈಯಲ್ಲಿ ಉಂಬಳ ಕೀಳುತ್ತಿದ್ದೆ. ಪಕ್ಕದಲ್ಲಿ ಎರಡು ಮೂರು ಕಾಲೇಜು ಹುಡುಗರು ಕೊಡೆ ಹಿಡಿದು ಪಾಠ ಕೇಳುತ್ತಿದ್ದರು. ಹಾಗಾಗಿ 2023ರ ಡಿಸೆಂಬರಿನಲ್ಲಿ ಒಬ್ಬ ಮನುಷ್ಯ ಬೈಕಿನಲ್ಲಿ ಬಂದು "ಮನೆಗೇ ಫೈಬರ್ ಕೊಡ್ತೇನೆ, 200 ಎಂಬಿಪಿಎಸ್" ಅಂದಾಗ ನನಗೆ ಕೇಳಿಸಿದ್ದು ದೇವರ ಮಾತು.

ಊರೂರಿಗೆ ಫೈಬರ್ ಅನ್ನುವ ಸರ್ಕಾರದ ಯೋಜನೆ ಮಂಜೂರಾಗಿದ್ದು 2011ರಲ್ಲಿ. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಅಂತ ಹೆಸರಾಯಿತು. ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ತಂತಿ ಮುಟ್ಟಿಸುವುದು ಅದರ ಗುರಿ. ಪಂಚಾಯ್ತಿ ಕಟ್ಟಡದ ತನಕ ಬರುವುದು ಬೇರೆ ಮಾತು, ಅಲ್ಲಿಂದ ತೋಟ, ಹಳ್ಳ, ಸಂಕ ದಾಟಿ ಅಡುಗೆಮನೆಯ ಗೋಡೆಗೆ ಬರುವುದು ಬೇರೆ ಮಾತು. ನಮ್ಮಂಥ ಹತ್ತು-ಹದಿನೈದು ಮನೆಯ ಕೇರಿಗೆ ತಂತಿ ಎಳೆಯಲು ದೊಡ್ಡ ಕಂಪನಿಗೆ ಲಾಭವಿಲ್ಲ. ಆ ಜಾಗದಲ್ಲಿ ಸ್ಥಳೀಯರು ಬರುತ್ತಾರೆ. ಒಳ್ಳೆಯವರೂ ಇದ್ದಾರೆ, ಹಗಲುರಾತ್ರಿ ಮಳೆಯಲ್ಲಿ ಕಂಬ ಹತ್ತುವವರನ್ನು ಕಂಡಿದ್ದೇನೆ. ನಮಗೆ ಸಿಕ್ಕವನು ಮೊದಲು ಪೇಟೆಯಲ್ಲಿ ಕೇಬಲ್ ಟಿವಿ ನಡೆಸುತ್ತಿದ್ದ. ಅವನ ಹೆಸರು ಇಲ್ಲಿ ಬರೆಯುವುದಿಲ್ಲ, ವ್ಯಾಜ್ಯ ನಡೆಯುತ್ತಿದೆ.

"ಹೆಗಡೇರೆ, ನೀವೊಬ್ರು ಹೂಂ ಅಂದ್ರೆ ಇಡೀ ಕೇರಿ ಹೂಂ ಅಂದ ಹಾಗೆ" ಅಂದ. ಉಬ್ಬಿದೆ. ವರ್ಷಕ್ಕೆ 5,000, ಮೇಲೆ 18 ಪರ್ಸೆಂಟ್ ಜಿಎಸ್‌ಟಿ 900, ಮನೆಯೊಳಗೆ ಇಡುವ ವೈಫೈ ಪೆಟ್ಟಿಗೆಗೆ 2,000. ಒಟ್ಟು 7,900. ಹದಿನಾಲ್ಕು ಮನೆಯದು ಸೇರಿ 1,10,600 ರೂಪಾಯಿ, ಅದೂ ಅಡಿಕೆ ಕೊಯ್ಲು ಶುರುವಾಗುವ ಮೊದಲು, ಎಲ್ಲರ ಕೈ ಖಾಲಿ ಇರುವ ಹೊತ್ತಿನಲ್ಲಿ. ಎರಡು ಮನೆಯವರು ಸೊಸೈಟಿಯಲ್ಲಿ ಸಾಲ ತೆಗೆದು ಕೊಟ್ಟರು. ಫೋನಿನಲ್ಲಿ ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಬಂದದ್ದು ಯಾವುದೋ ಹೆಂಗಸಿನ ಹೆಸರು. "ಮನೆಯವ್ರ ಖಾತೆ, ಅದ್ರಲ್ಲೇ ಹಾಕಿ" ಅಂದ. ಹಾಕಿದೆ. ಅಲ್ಲೇ ಎದ್ದು ಬರಬೇಕಿತ್ತು.

ಮೊದಲ ಎರಡು ತಿಂಗಳು ಸ್ವರ್ಗ. ಸ್ಪೀಡ್ ನೋಡಿದರೆ 94. 200 ಅಂದಿದ್ದೆಯಲ್ಲೋ ಅಂದರೆ "ವೈಫೈನಲ್ಲಿ ಕಡಿಮೆ ತೋರಿಸ್ತದೆ" ಅಂದ. ಲ್ಯಾಪ್‌ಟಾಪಿಗೆ ತಂತಿ ಚುಚ್ಚಿ ನೋಡಿದೆ, ಆಗಲೂ 94. ಆಮೇಲೆ ಗೊತ್ತಾಯಿತು, ಅವನು ಕೊಟ್ಟ ಪೆಟ್ಟಿಗೆಯ ಹಿಂದಿನ ಪೋರ್ಟೇ 100 ಎಂಬಿಪಿಎಸ್‌ನದು. ಅದರಲ್ಲಿ 94-95ಕ್ಕಿಂತ ಹೆಚ್ಚು ಹರಿಯುವುದೇ ಇಲ್ಲ. 200ರ ಪ್ಲಾನ್ ಅಂತ ಮಾರಿದ್ದು 200 ಕೊಡಲಾಗದ ಪೆಟ್ಟಿಗೆಯನ್ನು. 94 ಸಾಕಲ್ಲ ಅಂತ ಬಿಟ್ಟೆ, ಬೆಟ್ಟದ ತಾಡಪಾಲಿನಿಂದ ಬಂದವನಿಗೆ 94 ಬಹಳವೇ.

ಈ ಸುಖದಲ್ಲಿ ಮಾಡಿದ ಒಂದು ತಪ್ಪು ಈಗಲೂ ಹೊಟ್ಟೆ ಉರಿಸುತ್ತದೆ. ವೈಫೈ ಇದ್ದರೆ ಅದರ ಮೇಲೇ ಮೊಬೈಲ್ ಕರೆ ಬರುತ್ತದೆ, ಬ್ಯಾಂಕಿನ ಒಟಿಪಿಯೂ ಬರುತ್ತದೆ. ಟವರ್ ಬೇಡ. ಹಾಗಾದರೆ ಹಳೆಯ ಲ್ಯಾಂಡ್‌ಲೈನ್ ಯಾಕೆ ಅಂತ ಸರೆಂಡರ್ ಮಾಡಿಬಿಟ್ಟೆ. ಅಪ್ಪಯ್ಯ 1996ರಲ್ಲಿ ಹಾಕಿಸಿದ ನಂಬರು. ಅಡಿಕೆ ವಖಾರಿಯವರಿಂದ ಹಿಡಿದು ಪುರೋಹಿತರ ತನಕ ಎಲ್ಲರ ಡೈರಿಯಲ್ಲಿ ಇದ್ದದ್ದು ಅದೇ. ತಿಂಗಳಿಗೆ ಇನ್ನೂರು ಚಿಲ್ಲರೆ ಉಳಿಯಿತು ಅಂತ ಖುಷಿಪಟ್ಟೆ.

ತಂತಿ ಎಳೆದ ರೀತಿ ನೋಡಿದಾಗಲೇ ತಲೆಗೆ ಹೊಳೆಯಬೇಕಿತ್ತು. ರಸ್ತೆಯ ತನಕ ಕರೆಂಟಿನ ಕಂಬ, ಅಲ್ಲಿಂದ ಮನೆ ತನಕ ಅಡಿಕೆ ಮರ. ಮರದಿಂದ ಮರಕ್ಕೆ ಬಿಗಿಯಾಗಿ ಎಳೆದು ಪ್ಲಾಸ್ಟಿಕ್ ಪಟ್ಟಿಯಲ್ಲಿ ಕಟ್ಟಿದ್ದರು. ಅಡಿಕೆ ಮರ ಕಂಬವಲ್ಲ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಾಳಿಗೆ ಒಂದು ಮರ ಆಚೆ ಬಾಗಿದರೆ ಪಕ್ಕದ್ದು ಈಚೆ ಬಾಗುತ್ತದೆ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಹತ್ತಿ ಒಂದರಿಂದ ಇನ್ನೊಂದಕ್ಕೆ ಹಾರಿದನೆಂದರೆ ಮರ ಬಿಲ್ಲಿನಂತಾಗುತ್ತದೆ. ಕೊಯ್ಲಿನಲ್ಲೇ ಎರಡು ಸಲ ಕಡಿಯಿತು. ಫೋನ್ ಮಾಡಿದ ದಿನವೇ ಬಂದು ಸರಿಮಾಡಿಕೊಟ್ಟ. ಭಲೇ ಸರ್ವಿಸ್ ಅಂದುಕೊಂಡೆವು. ಆಗಿನ್ನೂ ಮೇಲಿನ ಕೇರಿಯಲ್ಲಿ ವಸೂಲಿ ಮುಗಿದಿರಲಿಲ್ಲ, ಅಷ್ಟೆ.

ಮಾರ್ಚಿಗೆ ಮೇಲಿನ ಕೇರಿಗೂ ಕೊಟ್ಟ. ನಮ್ಮ ತಂತಿಯ ನಡುವೆಯೇ ಒಂದು ಸ್ಪ್ಲಿಟರ್ ಹಾಕಿ ಅಲ್ಲಿಂದ ಕವಲು ತೆಗೆದ. ಫೈಬರಿನಲ್ಲಿ ಬರುವುದು ಬೆಳಕು, ಎರಡು ಮಾಡಿದರೆ ಇಬ್ಬರಿಗೂ ಅರ್ಧ. ಲೈನ್ ನೋಡುವ ಹುಡುಗನ ಹತ್ತಿರ ಬೆಳಕಿನ ಬಲ ಅಳೆಯುವ, ಅಂಗೈಯಲ್ಲಿ ಹಿಡಿಯುವ ಒಂದು ಮೀಟರ್ ಇರುತ್ತದೆ. ಡಿಸೆಂಬರಿನಲ್ಲಿ ನಮ್ಮ ಮನೆಯಲ್ಲಿ ಅದು ಮೈನಸ್ 19 ತೋರಿಸಿತ್ತು, ಸ್ಪ್ಲಿಟರ್ ಆದಮೇಲೆ ಮೈನಸ್ 23. ಈ ಲೆಕ್ಕದಲ್ಲಿ ಮೂರು ಕಡಿಮೆಯಾದರೆ ಬೆಳಕು ಅರ್ಧವಾದ ಹಾಗೆ. ಮೈನಸ್ 27ರ ಆಸುಪಾಸಿಗೆ ಇಳಿದರೆ ಪೆಟ್ಟಿಗೆಗೆ ಕಣ್ಣು ಕಾಣುವುದಿಲ್ಲ. ನಿಮ್ಮ ಮನೆಗೆ ಹಾಕುವಾಗ ಆ ಮೀಟರ್ ಹಚ್ಚಿಸಿ, ಅಂಕಿಯ ಫೋಟೋ ತೆಗೆದಿಟ್ಟುಕೊಳ್ಳಿ. ಯಾರೂ ಬೇಡ ಅನ್ನುವುದಿಲ್ಲ, ಯಾರೂ ಕೇಳುವುದಿಲ್ಲ ಕೂಡ.

ಬೆಳಕಿನ ಮಾತು ಹಾಗಿರಲಿ, ಅವನು ಮೇಲಿನ ದೊಡ್ಡ ಕಂಪನಿಯಿಂದ ಕೊಳ್ಳುತ್ತಿದ್ದ ನೆಟ್ಟು ಮಾತ್ರ ಅಷ್ಟೇ ಇತ್ತು, ಕುಡಿಯುವ ಬಾಯಿ ಹೆಚ್ಚಾಯಿತು. ಏಪ್ರಿಲ್ ಹೊತ್ತಿಗೆ ಸಂಜೆ ಏಳರ ನಂತರ 1.4 ಎಂಬಿಪಿಎಸ್. ನಮ್ಮಲ್ಲಿ 2023ರ ಜನವರಿಯಿಂದ 2 ಎಂಬಿಪಿಎಸ್‌ಗಿಂತ ಕಡಿಮೆ ಇದ್ದದ್ದನ್ನು ಬ್ರಾಡ್‌ಬ್ಯಾಂಡ್ ಅನ್ನುವ ಹಾಗೇ ಇಲ್ಲ. ಅಂದರೆ ರಾತ್ರಿ ಊಟದ ಹೊತ್ತಿಗೆ ನಮ್ಮ ಮನೆಯಲ್ಲಿ ಇದ್ದದ್ದು ಬ್ರಾಡ್‌ಬ್ಯಾಂಡೇ ಅಲ್ಲ.

ಜೂನ್ ಕೊನೆಗೆ ಮಳೆ ಹಿಡಿಯಿತು. ಜುಲೈ ಮೊದಲ ವಾರ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಅಂತ ಬರೆದ ಕಡೆ, ಅಂದರೆ ಬೆಳಕು ಬರುತ್ತಿಲ್ಲ ಅಂತ ತೋರಿಸುವ ಕಡೆ, ಕೆಂಪು ದೀಪ ಮಿಣುಕತೊಡಗಿತು. ಅವನ ಫೋನು ರಿಂಗಾಗುತ್ತದೆ, ಎತ್ತುವುದಿಲ್ಲ. ಆಯಿ ದಿನಾ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಬಂದು ಆ ದೀಪವನ್ನೂ ನೋಡುವಳು. "ತಮಾ, ಇವತ್ತೂ ಕೆಂಪೇ ಇದ್ದು."

ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಅಪ್ಪಯ್ಯನ ತಂಗಿಯ ಮನೆ ಅಂಕೋಲಾ ಕಡೆ, ಅವರ ಮಗ ಆ ಹೆದ್ದಾರಿಯಲ್ಲೇ ದಿನಾ ಓಡಾಡುವವನು. ನಮಗೆ ಸುದ್ದಿ ತಿಳಿದದ್ದು ಸಂಜೆ, ಹಾಲು ಹಾಕಲು ಹೋದ ಪಕ್ಕದ ಮನೆಯವರು ಹೇಳಿ. ಕರೆಂಟಿಲ್ಲ, ಟಿವಿಯಿಲ್ಲ. ವೈಫೈ ಸತ್ತಿದೆ, ಮೆತ್ತಿನ ಕಿಟಕಿಯ ಆ ಒಂದು ಕಡ್ಡಿಯೂ ಮಳೆಗೆ ಕರಗಿಹೋಗಿದೆ. ಲ್ಯಾಂಡ್‌ಲೈನ್ ಇಟ್ಟಿದ್ದ ಮೂಲೆಯಲ್ಲಿ ಕ್ರೋಶೆಯ ಹೊದಿಕೆ ಮಾತ್ರ ಇತ್ತು. ಅಪ್ಪಯ್ಯ ಏನೂ ಅನ್ನಲಿಲ್ಲ, ಆ ಮೂಲೆಯನ್ನೊಮ್ಮೆ ನೋಡಿ ಹೊರಗೆ ಹೋಗಿ ಕೂತರು. ಮರುದಿನ ಬೆಳಿಗ್ಗೆ ಬೈಕು ಹಾಕಿಕೊಂಡು ಪೇಟೆಯ ಹತ್ತಿರ ಹೋಗಿ ಫೋನ್ ಮಾಡಿದೆ. ಅತ್ತೆಯ ಮಗ ಆರಾಮಿದ್ದ, ಹಿಂದಿನ ದಿನ ಮನೆ ಬಿಟ್ಟೇ ಇರಲಿಲ್ಲ. ಅತ್ತೆ ಬೈದರು: "ನಿಮ್ಮ ಫೋನಿಗೆ ಎಷ್ಟು ಸಲ ಹಚ್ಚಿದೆ ಗೊತ್ತಾ, ನಂಬರೇ ಇಲ್ಲ ಅಂತದೆ."

ಲೈನಿನ ಹುಡುಗ ಆ ವಾರ ತಾನಾಗೇ ಬಂದ. ಮೂರು ತಿಂಗಳಿಂದ ಸಂಬಳ ಆಗಿಲ್ಲ, ಕೆಲಸ ಬಿಟ್ಟಿದ್ದೇನೆ, ನಿಮ್ಮ ಮನೇಲಿ ಊಟ ಮಾಡಿದ್ದೇನೆ ಅಂತ ನೋಡ್ಲಿಕ್ಕೆ ಬಂದೆ ಅಂದ. ಇಬ್ಬರೂ ಕೊಪ್ಪೆ ಹೊದ್ದು ತೋಟಕ್ಕೆ ಇಳಿದೆವು. ಹಳ್ಳದ ಪಕ್ಕದ ಮರದಲ್ಲಿ, ಆಳೆತ್ತರದಲ್ಲಿ, ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿಯೊಂದನ್ನು ತಲೆಕೆಳಗೆ ಕಟ್ಟಿತ್ತು, ಬಾಯಿಗೆ ಕಪ್ಪು ಟೇಪು ಸುತ್ತಿ. ಅದೇ ಜಾಯಿಂಟು. ಕೂದಲಿನಂಥ ಗಾಜಿನ ಎಳೆಗಳನ್ನು ಬೆಸೆದ ಜಾಗವನ್ನು ನೀರು ಹೋಗದ ಪೆಟ್ಟಿಗೆಯಲ್ಲಿ ಮುಚ್ಚಬೇಕು, ಇವನು ಕಸದ ಬಾಟಲಿಯಲ್ಲಿ ಮುಚ್ಚಿದ್ದ. ಟೇಪು ಬಿಚ್ಚಿದರೆ ಒಂದು ಲೋಟದಷ್ಟು ಕೆಂಪು ನೀರು ಸುರಿಯಿತು, ಹಿಂದೆಯೇ ಇರುವೆ. ಒಳಗೆ ಗೂಡೇ ಮಾಡಿಕೊಂಡಿದ್ದವು, ಮೊಟ್ಟೆ ಸಮೇತ. ಹುಡುಗ ತಲೆ ಕೆರೆದುಕೊಂಡು ನಕ್ಕ. ನನಗೆ ನಗು ಬರಲಿಲ್ಲ. ಬೆಸೆಯುವ ಯಂತ್ರ ಯಜಮಾನನ ಹತ್ತಿರ ಇತ್ತು, ಹುಡುಗ ಬೇರೆ ಯಾರದೋ ಯಂತ್ರ ಕಡ ತಂದು ಆಗಸ್ಟಿನಲ್ಲಿ ಸರಿಮಾಡಿಕೊಟ್ಟ. ಕೆಂಪು ದೀಪ ಆರಿತು, ಹಸಿರು ಬಂತು.

ಹಸಿರು ಬಂತು, ನೆಟ್ ಬರಲಿಲ್ಲ. ಮೇಲಿನ ಕಂಪನಿಗೆ ಅವನು ದುಡ್ಡು ಕಟ್ಟಿರಲಿಲ್ಲ, ಅವರು ಬಂದ್ ಮಾಡಿದ್ದರು. ಕೆಂಪು ಇದ್ದರೆ ತಂತಿ ಹೋಗಿದೆ, ಹಸಿರು ಇದ್ದೂ ವಾರಗಟ್ಟಲೆ ನೆಟ್ ಇಲ್ಲದಿದ್ದರೆ ಬಹುಶಃ ನಿಮ್ಮವನ ವ್ಯಾಪಾರವೇ ಹೋಗಿದೆ. ಕೆಂಪಿಗೆ ಕಾಯಬಹುದು, ಹಸಿರಿಗೆ ಕಾಯಬೇಡಿ. ನಾವು ಸೆಪ್ಟೆಂಬರ್ ತನಕ ಕಾದೆವು. "ಸೋಮವಾರ ಆಗ್ತದೆ" ಅಂತ ಅವನೊಮ್ಮೆ ಫೋನ್ ಎತ್ತಿ ಹೇಳಿದ್ದೇ ಕಾರಣ. ಯಾವ ಸೋಮವಾರ ಅಂತ ಕೇಳಲಿಲ್ಲ.

ಆಮೇಲೆ ದುಡ್ಡಿನ ಬೆನ್ನು ಹತ್ತಿದೆ. ಪೆಟ್ಟಿಗೆಯ ಮೇಲೆ ಸ್ಟಿಕ್ಕರ್ ಇದ್ದ ಕಂಪನಿಗೆ ಫೋನ್ ಮಾಡಿದರೆ ಆ ಹೆಸರಿನವರು ನಮ್ಮ ಪಾಲುದಾರರಲ್ಲ ಅಂದರು. ಗ್ರಾಹಕ ಸಹಾಯವಾಣಿ 1915ಕ್ಕೆ ಮಾಡಿದೆ. ಮರ್ಯಾದೆಯಿಂದ ಮಾತಾಡಿದರು, ಬಿಲ್ ಕಳಿಸಿ ಅಂದರು. ನನ್ನ ಹತ್ತಿರ ಇದ್ದದ್ದು ಬುಕ್ ಸ್ಟಾಲಿನಲ್ಲಿ ಸಿಗುವ ರಸೀದಿ ಪುಸ್ತಕದ ಒಂದು ಹಾಳೆ, ಮೇಲೆ ರಬ್ಬರ್ ಸ್ಟ್ಯಾಂಪು. 900 ರೂಪಾಯಿ ಜಿಎಸ್‌ಟಿ ಅಂತ ಕೈಬರಹದಲ್ಲಿ ಬರೆದಿದ್ದ, ಜಿಎಸ್‌ಟಿ ನಂಬರೇ ಇಲ್ಲ. ನಂಬರಿಗೆ 15 ಅಕ್ಷರ, ಕರ್ನಾಟಕದ್ದಾದರೆ 29ರಿಂದ ಶುರು. ಜಿಎಸ್‌ಟಿ ಪೋರ್ಟಲಿನಲ್ಲಿ ಹಾಕಿದರೆ ಯಾರ ಹೆಸರಿನದು ಅಂತ ಪುಕ್ಕಟೆಯಾಗಿ ಕಾಣುತ್ತದೆ. ಎರಡು ನಿಮಿಷದ ಕೆಲಸ, ಕಂಪ್ಯೂಟರಿನಲ್ಲೇ ಹೊಟ್ಟೆ ಹೊರೆಯುವ ನಾನು ಮಾಡಿರಲಿಲ್ಲ.

ಇನ್ನೊಂದು ಸಂಗತಿ ನನಗೆ ಗೊತ್ತೇ ಇರಲಿಲ್ಲ. ಇಂಟರ್ನೆಟ್ ಮಾರಲು ಲೈಸೆನ್ಸ್ ಬೇಕು. ಅದರಲ್ಲಿ ಎ, ಬಿ, ಸಿ ಅಂತ ಮೂರು ಬಗೆ: ಇಡೀ ದೇಶಕ್ಕೆ, ಒಂದು ಟೆಲಿಕಾಂ ವೃತ್ತಕ್ಕೆ (ಹೆಚ್ಚುಕಡಿಮೆ ಒಂದು ರಾಜ್ಯ), ಅದಕ್ಕಿಂತ ಚಿಕ್ಕ ಪ್ರದೇಶಕ್ಕೆ. ಪಟ್ಟಿ ದೂರಸಂಪರ್ಕ ಇಲಾಖೆಯ ಜಾಲತಾಣದಲ್ಲಿದೆ. ಊರಿನ ಹುಡುಗನ ಹತ್ತಿರ ಸ್ವಂತ ಲೈಸೆನ್ಸ್ ಇರಬೇಕೆಂದೇನಿಲ್ಲ, ಆದರೆ ಯಾರ ಲೈಸೆನ್ಸಿನ ಅಡಿಯಲ್ಲಿ ಕೊಡುತ್ತಿದ್ದೀಯಪ್ಪಾ ಅಂತ ಕೇಳಿ. ಬಿಲ್ಲು ಆ ಕಂಪನಿಯ ಹೆಸರಿನಲ್ಲಿ ಬರಲಿ, ದುಡ್ಡೂ ಅಲ್ಲಿಗೇ ಹೋಗಲಿ. ಹಾಗಿದ್ದರೆ ಕೆಟ್ಟಾಗ ಆ ಕಂಪನಿಗೆ ದೂರು ಕೊಟ್ಟು ಡಾಕೆಟ್ ನಂಬರ್ (ದೂರಿನ ಸಂಖ್ಯೆ) ತೆಗೆದುಕೊಳ್ಳಬಹುದು, ಬಗೆಹರಿಯದಿದ್ದರೆ ಅದರದೇ ಮೇಲ್ಮನವಿ ವಿಭಾಗಕ್ಕೆ ಹೋಗಬಹುದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ನೇರವಾಗಿ ಬರೆದು ಪ್ರಯೋಜನವಿಲ್ಲ, ಒಬ್ಬೊಬ್ಬರ ದೂರು ಅವರು ವಿಚಾರಿಸುವುದಿಲ್ಲ. ನಾನು ಬರೆದು ಎರಡು ವಾರ ಕಳೆದೆ.

ಈಗ ಹದಿನಾಲ್ಕು ಮನೆಯಲ್ಲಿ ಒಂಬತ್ತು ಮನೆಯವರು ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಹಾಕಿದ್ದೇವೆ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಆನ್‌ಲೈನಿನಲ್ಲೇ ಹಾಕಬಹುದು. ಉಳಿದ ಐವರು "ಹೋದ್ದು ಹೋತು" ಅಂದರು. ಅದರಲ್ಲಿಬ್ಬರು ನನ್ನ ಜೊತೆ ಇನ್ನೂ ನೆಟ್ಟಗೆ ಮಾತಾಡುವುದಿಲ್ಲ.

2,000 ಕೊಟ್ಟ ಪೆಟ್ಟಿಗೆಯಾದರೂ ಉಳಿಯಿತಲ್ಲ ಅಂದುಕೊಂಡಿದ್ದೆ. ಕಳೆದ ವರ್ಷ ಬೇರೆಯವರಿಂದ ಲೈನ್ ತೆಗೆದುಕೊಂಡಾಗ ಅದೂ ಸುಳ್ಳಾಯಿತು. ಫೈಬರಿನಲ್ಲಿ ಇಪಾನ್, ಜಿಪಾನ್ ಅಂತ ಎರಡು ಬೇರೆ ಬೇರೆ ತಂತ್ರಜ್ಞಾನ; ನಮ್ಮದು ಇಪಾನ್ ಪೆಟ್ಟಿಗೆ, ಅವರ ಲೈನು ಜಿಪಾನ್, ಒಂದಕ್ಕೊಂದು ಕೂಡುವುದಿಲ್ಲ. ಈಗಿನದು ತಿಂಗಳು ತಿಂಗಳು ಕಟ್ಟುವ ಲೆಕ್ಕ, ಸ್ವಲ್ಪ ಜಾಸ್ತಿಯೇ ಬೀಳುತ್ತದೆ. ತಂತಿ ತೋಟದ ಹೊರಗಿನಿಂದ, ನಾವೇ ನೆಟ್ಟ ಗೂಟಗಳ ಮೇಲೆ ಬಂದಿದೆ. ಜಾಯಿಂಟಿನ ಪೆಟ್ಟಿಗೆ ಮುಚ್ಚುವಾಗ ಪಕ್ಕದಲ್ಲೇ ನಿಂತು ನೋಡಿದೆ. ಒಂದು ಮಳೆಗಾಲ ದಾಟಿದೆ. ಅಪ್ಪಯ್ಯನ ಹಳೇ ನಂಬರು ವಾಪಸು ಸಿಗಲಿಲ್ಲ.

ಮೊನ್ನೆ ಸೊರಬದ ಕಡೆಯ ನೆಂಟರೊಬ್ಬರು ಫೋನ್ ಮಾಡಿ, ನಿಮ್ಮ ಕಡೆ ಫೈಬರ್ ಹೇಗಿದೆ, ನಮ್ಮೂರಿಗೂ ಒಬ್ಬ ಬಂದಿದ್ದಾನೆ ಅಂದರು. ವರ್ಷದ್ದು ಒಟ್ಟಿಗೆ ಕಟ್ಟಿದರೆ ಎರಡು ತಿಂಗಳು ಪುಕ್ಕಟೆಯಂತೆ. ಸ್ಕ್ಯಾನ್ ಮಾಡಿದಾಗ ಯಾರ ಹೆಸರು ಬರುತ್ತದೆ ಅಂತ ಕೇಳಿದೆ. ಹೇಳಿದರು. ಅದೇ ಹೆಂಗಸಿನ ಹೆಸರು.