ಸಾಕುಪ್ರಾಣಿಗಳ ಕೆಂಗಣ್ಣು ಮತ್ತು ಮೆಡಿಕಲ್ ಶಾಪಿನ ಹನಿ ಔಷಧಿಗಳು: ಒಂದು ಪರಿಶೀಲನೆ

ನಾಯಿಯ ಅಥವಾ ಬೆಕ್ಕಿನ ಕಣ್ಣು ಕೆಂಪಾಗಿ, ಮೂಲೆಯಲ್ಲಿ ಗೀಜು ಕಟ್ಟಿದರೆ ನಮ್ಮಲ್ಲಿ ಹೆಚ್ಚಿನವರು ಮೊದಲು ಹೋಗುವುದು ಬೀದಿ ಕೊನೆಯ ಮೆಡಿಕಲ್ ಶಾಪಿಗೆ. ಮನುಷ್ಯರಿಗೆ ಬರುವ ಮದ್ರಾಸ್ ಐ ಇದಕ್ಕೂ ಬಂದಿರಬೇಕು ಎಂದುಕೊಂಡು ಯಾವುದೋ ಒಂದು ಹನಿ ಔಷಧಿಯ ಬಾಟಲಿ ತಂದು ಹಾಕುತ್ತಾರೆ. ಕೆಲವೊಮ್ಮೆ ಅದರಿಂದ ವಾಸಿಯೂ ಆಗುತ್ತದೆ, ಮತ್ತು ಹಾಗೆ ವಾಸಿಯಾದ ಧೈರ್ಯದಲ್ಲೇ ಮುಂದಿನ ಸಲ ಅದೇ ಬಾಟಲಿ ಹೊರಬರುತ್ತದೆ. ವಯಸ್ಸಾದ ಒಂದು ಪಗ್ ಮತ್ತು ಬೀದಿಯಿಂದ ಬಂದು ಸೇರಿಕೊಂಡ ಬೆಕ್ಕುಗಳಿರುವ ನಮ್ಮ ಮನೆಯಲ್ಲಿ ವರ್ಷಗಳಿಂದ ಈ ಹನಿಗಳು, ಟ್ಯೂಬುಗಳು, ಕೊರಳಿಗೆ ಕಟ್ಟುವ ಕಾಲರುಗಳು ಬಂದು ಹೋಗಿವೆ. ಅವುಗಳಲ್ಲಿ ಯಾವುದು ಯಾವ ಕೆಲಸಕ್ಕೆ ತಕ್ಕದ್ದು, ಯಾವುದನ್ನು ಮುಟ್ಟಬಾರದು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದೇ ಔಷಧಿ ಹತ್ತಾರು ಕಂಪನಿಗಳ ಹೆಸರಿನಲ್ಲಿ ಮಾರಾಟವಾಗುವುದರಿಂದ ಬ್ರ್ಯಾಂಡ್ ಹೆಸರನ್ನು ಬಿಟ್ಟು, ಲೇಬಲ್ಲಿನ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರನ್ನೇ ಬಳಸಿದ್ದೇನೆ. ಕೊಳ್ಳುವವರು ಓದಬೇಕಾದದ್ದೂ ಆ ಸಣ್ಣಕ್ಷರವನ್ನೇ.

ನನ್ನ ಮಟ್ಟಿಗೆ ಇವೆಲ್ಲವುಗಳಲ್ಲಿ ಅತ್ಯಂತ ಬೆಲೆಬಾಳುವ ವಸ್ತು ಔಷಧಿಯೇ ಅಲ್ಲದ ಒಂದು ಕಾಗದದ ಪಟ್ಟಿ. ಫ್ಲೋರೆಸಿನ್ ಸ್ಟ್ರಿಪ್ ಎಂದು ಕರೆಯುವ ಇದರ ತುದಿಗೆ ಕಿತ್ತಳೆ ಬಣ್ಣದ ಒಂದು ರಾಸಾಯನಿಕವನ್ನು ಲೇಪಿಸಿರುತ್ತಾರೆ. 1871ರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ಮೊದಲು ತಯಾರಿಸಿದ ಈ ಬಣ್ಣ ಇಂದಿಗೂ ಕಣ್ಣಿನ ವೈದ್ಯರ ಮೇಜಿನ ಮೇಲಿದೆ. ಪಶುವೈದ್ಯರು ಸ್ಟ್ರಿಪ್ಪಿನ ತುದಿಗೆ ಒಂದು ತೊಟ್ಟು ಸಲೈನ್ ಹಾಕಿ, ಕೆಳರೆಪ್ಪೆಯ ಒಳಗೆ ಮುಟ್ಟಿಸಿ, ಪ್ರಾಣಿ ಒಂದೆರಡು ಸಲ ಕಣ್ಣು ಮಿಟುಕಿಸಿದ ಮೇಲೆ ಸಲೈನಿನಿಂದ ತೊಳೆದು, ಕೋಣೆಯ ದೀಪ ಆರಿಸಿ ನೀಲಿ ಬೆಳಕು ಬಿಡುತ್ತಾರೆ. ಕಣ್ಣಿನ ಪಾರದರ್ಶಕ ಪೊರೆಯಾದ ಕಾರ್ನಿಯಾ ನುಣುಪಾಗಿದ್ದರೆ ಬಣ್ಣವೆಲ್ಲ ತೊಳೆದು ಹೋಗುತ್ತದೆ. ಮೇಲ್ಪದರ ಕಿತ್ತು ಹುಣ್ಣಾಗಿದ್ದರೆ ಆ ಜಾಗ ಮಾತ್ರ ಮಿಂಚುಹುಳದಂತೆ ಹಸಿರಾಗಿ ಹೊಳೆಯುತ್ತದೆ. ನಮ್ಮ ಬೆಕ್ಕೊಂದರ ಕಣ್ಣಿನಲ್ಲಿ ಬರಿಗಣ್ಣಿಗೆ ಏನೂ ಕಾಣದಿದ್ದಾಗ, ಆ ಬೆಳಕಿನಲ್ಲಿ ಒಣಗಿದ ರೆಂಬೆಯಂತೆ ಕವಲೊಡೆದ ಹಸಿರು ಗೀಟೊಂದು ಕಂಡಿತು. ವೈದ್ಯರು ಅದನ್ನು ನೋಡಿದ ಕೂಡಲೇ ಹರ್ಪಿಸ್ ವೈರಸ್ಸಿನ ಹುಣ್ಣೆಂದು ಹೇಳಿ, ಬರೆಯಬೇಕೆಂದಿದ್ದ ಔಷಧಿಯನ್ನೇ ಬದಲಿಸಿದರು. ಪರೀಕ್ಷೆಯ ನಂತರ ಕೆಲವು ನಾಯಿಗಳ ಮೂಗಿನ ಹೊಳ್ಳೆಯಲ್ಲಿ ಹಸಿರು ನೀರು ಇಳಿಯುತ್ತದೆ. ಕಣ್ಣೀರಿನ ನಾಳ ತೆರೆದಿದೆ ಎಂಬುದಷ್ಟೇ ಅದರ ಅರ್ಥವಾದ್ದರಿಂದ ಗಾಬರಿಯಾಗಬೇಕಾಗಿಲ್ಲ.

ಇದರ ಜೊತೆಗಾರ ಎನ್ನಬಹುದಾದ ಇನ್ನೊಂದು ಪಟ್ಟಿ ಶಿರ್ಮರ್ ಪರೀಕ್ಷೆಯದು. ಅಳತೆಯ ಗುರುತುಗಳಿರುವ ಈ ಕಾಗದವನ್ನು ಕೆಳರೆಪ್ಪೆಗೆ ಸಿಕ್ಕಿಸಿ ಒಂದು ನಿಮಿಷ ಬಿಟ್ಟರೆ ಕಣ್ಣೀರು ಎಷ್ಟು ಮಿಲಿಮೀಟರ್ ಹಬ್ಬಿತು ಎಂಬುದು ತಿಳಿಯುತ್ತದೆ. ಆರೋಗ್ಯವಂತ ನಾಯಿಯಲ್ಲಿ ಅದು 15 ಅಥವಾ ಅದಕ್ಕಿಂತ ಹೆಚ್ಚಿರಬೇಕು. 10ಕ್ಕಿಂತ ಕೆಳಗಿಳಿದು, ಜೊತೆಗೆ ಲಕ್ಷಣಗಳೂ ಇದ್ದರೆ ಅದು ಒಣಗಣ್ಣಿನ ಕಾಯಿಲೆ. ಇದು ಏಕೆ ಮುಖ್ಯವೆಂದರೆ, ಬೆಕ್ಕಿಗೆ ಹೋಲಿಸಿದರೆ ನಾಯಿಯಲ್ಲಿ ಕಣ್ಣಿನ ಸೋಂಕು ತಾನಾಗಿಯೇ ಬರುವುದು ಕಡಿಮೆ; ಬಹುಪಾಲು ಸಂದರ್ಭಗಳಲ್ಲಿ ಕಣ್ಣೀರಿನ ಕೊರತೆ, ಒಳಕ್ಕೆ ಮಡಚಿದ ರೆಪ್ಪೆ, ಅಡ್ಡ ಬೆಳೆದ ಕೂದಲು, ಸಿಕ್ಕಿಕೊಂಡ ಹುಲ್ಲಿನ ಚೂರು ಅಥವಾ ಅಲರ್ಜಿ ಮೊದಲು ಇದ್ದು, ಬ್ಯಾಕ್ಟೀರಿಯಾಗಳು ಆಮೇಲೆ ಬಂದು ಸೇರಿಕೊಳ್ಳುತ್ತವೆ. ಹನಿ ಔಷಧಿ ಹಾಕಿದಾಗ ಗೀಜು ಕಡಿಮೆಯಾಗಿ, ನಿಲ್ಲಿಸಿದ ಕೂಡಲೇ ಮರಳಿ ಬರುವ ನಾಯಿಗಳ ಕಥೆ ಸಾಮಾನ್ಯವಾಗಿ ಇದೇ ಆಗಿರುತ್ತದೆ. ಹಚ್ ಮೊಬೈಲ್ ಕಂಪನಿಯ ಪಗ್ ಜಾಹೀರಾತು ನೋಡಿ ಊರಿಗೆ ಊರೇ ಪಗ್ ಸಾಕಲು ಹೊರಟಾಗ, ಹೊರಚಾಚಿದ ಆ ಕಣ್ಣುಗಳಿಗೆ ಜೀವಮಾನವಿಡೀ ಆರೈಕೆ ಬೇಕಾದೀತೆಂದು ಮಾರಿದವರು ಯಾರೂ ಹೇಳಲಿಲ್ಲ. ಶಿಟ್ಜು, ಲ್ಹಾಸಾ ಆಪ್ಸೊ, ಕಾಕರ್ ಸ್ಪೇನಿಯಲ್ ಸಾಕಿದವರಿಗೂ ಈ ಮಾತು ಅನ್ವಯಿಸುತ್ತದೆ.

ಈ ಎರಡು ಪಟ್ಟಿಗಳನ್ನು ಬಳಸದೆ ಬರೀ ಟಾರ್ಚ್ ಬಿಟ್ಟು ನೋಡಿ ಔಷಧಿ ಬರೆದುಕೊಡುವ ಕ್ಲಿನಿಕ್ಕುಗಳು ನಮ್ಮ ನಗರಗಳಲ್ಲಿ ಈಗಲೂ ಇವೆ. ಹೋದಾಗ ನಾವೇ ಕೇಳಿ ಮಾಡಿಸಿಕೊಳ್ಳುವುದು ಉತ್ತಮ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ.

ಇನ್ನು ಹನಿ ಔಷಧಿಗಳಿಗೆ ಬರೋಣ. ಟೋಬ್ರಾಮೈಸಿನ್ 0.3 ಪ್ರತಿಶತದ ಹನಿಯನ್ನು ನಾನು ಮೆಚ್ಚುತ್ತೇನೆ. ಇದು ನೀರಿನಷ್ಟು ತೆಳುವಾಗಿದೆ, ಹಾಕಿಸಿಕೊಂಡ ನಾಯಿ ಅಷ್ಟಾಗಿ ತಲೆ ಕೊಡವುವುದಿಲ್ಲ, ಮತ್ತು ಕಾರ್ನಿಯಾವನ್ನು ಬೇಗ ಕರಗಿಸಿಬಿಡುವ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಮೇಲೂ ಕೆಲಸ ಮಾಡುತ್ತದೆ. ಸಿಪ್ರೊಫ್ಲಾಕ್ಸಸಿನ್ ಅಗ್ಗವಾಗಿದ್ದು ಎಲ್ಲೆಡೆ ಸಿಗುತ್ತದೆಯಾದರೂ ಹಾಕಿದಾಗ ಉರಿಯುತ್ತದೆ. ನಮ್ಮ ಪಗ್ ಆ ಬಾಟಲಿಯ ಮುಚ್ಚಳದ ಸದ್ದಿಗೇ ಮಂಚದ ಕೆಳಗೆ ಸೇರುತ್ತಿತ್ತು. ಹುಣ್ಣಿನ ಮೇಲೆ ಇದರ ಬಿಳಿ ಪುಡಿ ಕೂರುವುದೂ ಉಂಟು, ಅದನ್ನು ಕೀವೆಂದು ತಿಳಿದು ಹೆದರುವವರಿದ್ದಾರೆ. ಮಾಕ್ಸಿಫ್ಲಾಕ್ಸಸಿನ್ ಕಣ್ಣಿನೊಳಗೆ ಚೆನ್ನಾಗಿ ಇಳಿಯುವ ಪ್ರಬಲ ಔಷಧಿಯಾದ್ದರಿಂದ ಆಳವಾದ ಹುಣ್ಣುಗಳಿಗಾಗಿ ಅದನ್ನು ಮೀಸಲಿಡಬೇಕೇ ಹೊರತು ಸಾಧಾರಣ ಗೀಜಿಗೆ ಖರ್ಚು ಮಾಡಬಾರದು. ತೊಡಕಿಲ್ಲದ ಮೇಲ್ಪದರದ ಹುಣ್ಣು ಸರಿಯಾದ ಚಿಕಿತ್ಸೆಯಲ್ಲಿ ಸುಮಾರು ಒಂದು ವಾರದೊಳಗೆ ಮಾಯಬೇಕು. ಹಾಗೆ ಮಾಯದಿದ್ದರೆ ಬಾಟಲಿ ಬದಲಿಸುವುದರಿಂದ ಪ್ರಯೋಜನವಿಲ್ಲ. ರೆಪ್ಪೆಯೊಳಗೆ ಏನೋ ಉಜ್ಜುತ್ತಿರಬಹುದು, ಅಥವಾ ನಡುವಯಸ್ಸಿನ ನಾಯಿಗಳಲ್ಲಿ ಕಾಣುವ, ಸತ್ತ ಪದರವನ್ನು ವೈದ್ಯರೇ ಕೆರೆದು ತೆಗೆಯಬೇಕಾದ ಹಟಮಾರಿ ಹುಣ್ಣಾಗಿರಬಹುದು.

ಇದೇ ಸಾಲಿನಲ್ಲಿ, ಇದೇ ಗಾತ್ರದ ಬಾಟಲಿಯಲ್ಲಿ, ಬಹುತೇಕ ಇದೇ ಹೆಸರಿನಲ್ಲಿ ಕೂರುವ ಸ್ಟೀರಾಯ್ಡ್ ಮಿಶ್ರಿತ ಹನಿಗಳಿಗೆ ನಾನು ಒಂದು ಅಂಕವನ್ನೂ ಕೊಡಲಾರೆ. ಇವು ಕೆಟ್ಟ ಔಷಧಿಗಳೆಂದಲ್ಲ, ಅಲರ್ಜಿಗೂ ಕಣ್ಣಿನೊಳಗಿನ ಉರಿಯೂತಕ್ಕೂ ವೈದ್ಯರು ಇವನ್ನೇ ಕೊಡುತ್ತಾರೆ. ಆದರೆ ಕಾರ್ನಿಯಾದಲ್ಲಿ ಹುಣ್ಣಿದ್ದಾಗ ಸ್ಟೀರಾಯ್ಡ್ ಬಿದ್ದರೆ ಗಾಯ ಮಾಯುವುದು ನಿಂತು, ಪೊರೆ ಕರಗುವ ವೇಗ ಹೆಚ್ಚಿ, ಕಣ್ಣು ತೂತಾಗುವವರೆಗೂ ಹೋಗಬಹುದು. ಬೆಕ್ಕಿನಲ್ಲಿ ಅಡಗಿರುವ ಹರ್ಪಿಸ್ ವೈರಸ್ಸನ್ನು ಎಬ್ಬಿಸುವುದಕ್ಕೂ ಇದು ಸಾಕು. ಇವುಗಳ ಮಾಯೆ ಇರುವುದು ಒಂದೇ ದಿನದಲ್ಲಿ ಕೆಂಪನ್ನು ಇಳಿಸುವ ಶಕ್ತಿಯಲ್ಲಿ. ಒಳಗೆ ಕಾಯಿಲೆ ಬೆಳೆಯುತ್ತಿದ್ದರೂ ಹೊರಗೆ ಕಣ್ಣು ಬೆಳ್ಳಗಾಗಿ ಮಾಲೀಕರು ನೆಮ್ಮದಿಯಾಗುತ್ತಾರೆ. ನಾನು ಟೋಬ್ರಾಮೈಸಿನ್ ಕೇಳಿದಾಗ ಅಂಗಡಿಯವರೊಬ್ಬರು ಡೆಕ್ಸಾಮೆಥಸೋನ್ ಸೇರಿರುವ ಬಾಟಲಿಯನ್ನು ಮುಂದಿಟ್ಟು, "ಇದು ಇನ್ನೂ ಸ್ಟ್ರಾಂಗ್ ಸರ್, ತಗೊಳ್ಳಿ" ಎಂದಿದ್ದರು. ಲೇಬಲ್ ಓದಿ ಹಿಂದಿರುಗಿಸಿದೆ. ಕಣ್ಣಿನ ಸ್ಟೀರಾಯ್ಡ್ ಹನಿಗಳು ಶೆಡ್ಯೂಲ್ ಎಚ್‌ಗೆ ಸೇರಿದ್ದು, ಚೀಟಿಯಿಲ್ಲದೆ ಮಾರುವಂತಿಲ್ಲ ಎಂಬುದು ಅವರಿಗೆ ತಿಳಿಯದ ವಿಷಯವಾಗಿರಲಾರದು. ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್, ಲೋಟೆಪ್ರೆಡ್ನಾಲ್, ಫ್ಲೋರೋಮೆಥೊಲೋನ್: ಈ ಹೆಸರುಗಳಲ್ಲಿ ಯಾವುದಾದರೂ ಲೇಬಲ್ಲಿನಲ್ಲಿದ್ದರೆ ಸ್ಟ್ರಿಪ್ ಪರೀಕ್ಷೆಯಾಗದೆ ಹಾಕಬೇಡಿ.

ಬೆಕ್ಕಿನ ವಿಷಯವೇ ಬೇರೆ. ಅಲ್ಲಿ ಸೋಂಕು ನಿಜವಾಗಿಯೂ ಸೋಂಕೇ ಆಗಿರುತ್ತದೆ, ಮತ್ತು ಬಹುಪಾಲು ಹರ್ಪಿಸ್ ವೈರಸ್ ಅಥವಾ ಕ್ಲಮಿಡಿಯಾ ಎಂಬ ಬ್ಯಾಕ್ಟೀರಿಯಾದಿಂದ ಬರುತ್ತದೆ. ಸೀನು, ಮೂಗು ಸೋರಿಕೆ, ಊಟ ಬಿಡುವುದು ಜೊತೆಗಿದ್ದರೆ ಹರ್ಪಿಸ್ ಇರಬಹುದೆಂದು ಅನುಮಾನಿಸಬೇಕು. ಮೊದಲು ಒಂದು ಕಣ್ಣು ಕೆಂಪಾಗಿ, ಕೆಲವು ದಿನಗಳಲ್ಲಿ ಇನ್ನೊಂದಕ್ಕೂ ಹಬ್ಬಿ, ರೆಪ್ಪೆಯ ಒಳಪೊರೆ ನೀರು ತುಂಬಿದಂತೆ ಉಬ್ಬಿ ಹೊರಚಾಚಿದರೆ ಕ್ಲಮಿಡಿಯಾದ ಸಾಧ್ಯತೆ ಹೆಚ್ಚು. ಟೋಬ್ರಾಮೈಸಿನ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಡಾಕ್ಸಿಸೈಕ್ಲಿನ್ ಅನ್ನು ಬಾಯಿಯ ಮೂಲಕ ನಾಲ್ಕು ವಾರ, ಕಣ್ಣು ಸರಿಯಾದಂತೆ ಕಂಡರೂ ನಿಲ್ಲಿಸದೆ, ಮನೆಯ ಎಲ್ಲ ಬೆಕ್ಕುಗಳಿಗೂ ಕೊಡುವುದು ಇದಕ್ಕಿರುವ ಚಿಕಿತ್ಸೆ. ಮಾತ್ರೆಯಾದರೆ ಒಂದು ಎಚ್ಚರಿಕೆ ಬೇಕು: ಒಣಗಂಟಲಿನಲ್ಲಿ ಸಿಕ್ಕಿಕೊಂಡ ಡಾಕ್ಸಿಸೈಕ್ಲಿನ್ ಮಾತ್ರೆ ಬೆಕ್ಕಿನ ಅನ್ನನಾಳವನ್ನು ಸುಟ್ಟು ಕಿರಿದಾಗಿಸುತ್ತದೆ, ಆದ್ದರಿಂದ ನುಂಗಿಸಿದ ಕೂಡಲೇ ಸಿರಿಂಜಿನಲ್ಲಿ ಐದಾರು ಮಿಲಿಲೀಟರ್ ನೀರನ್ನು ಕುಡಿಸಲೇಬೇಕು. ಕಣ್ಣಿಗೆ ಹಾಕಲು ಕ್ಲೋರಾಂಫೆನಿಕಾಲ್ ಮುಲಾಮಿನ ಪುಟ್ಟ ಕ್ಯಾಪ್ಸೂಲುಗಳನ್ನು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ತುದಿ ಕತ್ತರಿಸಿ ರೆಪ್ಪೆಯೊಳಗೆ ಹಿಂಡಿ ಬಿಸಾಡಿದರೆ ಮುಗಿಯಿತು, ಬಾಟಲಿಯ ಮೂತಿ ಮಲಿನವಾಗುವ ಚಿಂತೆಯಿಲ್ಲ. ಈ ಔಷಧಿಯಿಂದ ಮನುಷ್ಯರಿಗೆ ತೀರ ಅಪರೂಪಕ್ಕೆ ರಕ್ತದ ಗಂಭೀರ ಕಾಯಿಲೆ ಬರುವುದರಿಂದ ಕೈಗವಸು ತೊಡುವುದು, ಕೈ ತೊಳೆಯುವುದು ಒಳ್ಳೆಯದು.

ಹರ್ಪಿಸ್ಸಿಗೆ ಮನುಷ್ಯರ ಏಸಿಕ್ಲೊವಿರ್ ಮಾತ್ರೆ ಕೊಡುವುದು ಅಪಾಯಕರ, ಅದು ಬೆಕ್ಕಿನ ಮೂಳೆಮಜ್ಜೆಗೆ ವಿಷ. ವ್ಯಾಲಸಿಕ್ಲೊವಿರ್ ಅಂತೂ ಪ್ರಾಣವನ್ನೇ ತೆಗೆಯಬಲ್ಲದು. ವೈದ್ಯರು ಕೊಡುವ ಮಾತ್ರೆ ಫ್ಯಾಮ್ಸಿಕ್ಲೊವಿರ್. ಏಸಿಕ್ಲೊವಿರ್ ಕಣ್ಣಿನ ಮುಲಾಮನ್ನು ಬಳಸಬಹುದಾದರೂ ದಿನಕ್ಕೆ ಐದು ಸಲ ಹಾಕಬೇಕಾಗುತ್ತದೆ, ಅಷ್ಟು ಸಲ ಹಿಡಿಯಲು ಬಿಡುವ ಬೆಕ್ಕನ್ನು ನಾನಂತೂ ಕಂಡಿಲ್ಲ. ಆನ್‌ಲೈನಿನಲ್ಲಿ ಹರ್ಪಿಸ್‌ಗೆಂದು ಮಾರುವ ಲೈಸಿನ್ ಪುಡಿಗೆ ಹಣ ಹಾಕಬೇಡಿ, ಅದರಿಂದ ಪ್ರಯೋಜನವಿಲ್ಲವೆಂಬುದು ಸಂಶೋಧನೆಗಳ ಪರಿಶೀಲನೆಯಲ್ಲಿ ಗೊತ್ತಾಗಿದೆ. ಲಸಿಕೆ ಈ ವೈರಸ್ಸನ್ನು ಪೂರ್ತಿ ತಡೆಯದಿದ್ದರೂ ಕಾಯಿಲೆಯ ತೀವ್ರತೆಯನ್ನು ತಗ್ಗಿಸುತ್ತದೆ. ಇನ್ನೂ ಕಣ್ಣು ಬಿಡದ ಮರಿಯ ರೆಪ್ಪೆಗಳ ಹಿಂದೆ ಉಬ್ಬು ಕಂಡರೆ ಒಳಗೆ ಕೀವು ತುಂಬಿದೆಯೆಂದೇ ಅರ್ಥ. ಅದನ್ನು ಅದೇ ದಿನ ವೈದ್ಯರಿಂದ ಬಿಡಿಸದಿದ್ದರೆ ಕಣ್ಣು ಉಳಿಯುವುದು ಕಷ್ಟ.

ಮೇಲೆ ಹೇಳಿದ ಹನಿಗಳಷ್ಟರಿಂದಲೇ ವಾಸಿಯಾಗದ ಕೆಂಗಣ್ಣುಗಳೂ ಇವೆ. ಕಣ್ಣು ಮೋಡ ಕವಿದಂತೆ ನೀಲಿಯಾಗಿ, ಪಾಪೆ ದೊಡ್ಡದಾಗಿ ಹಾಗೆಯೇ ನಿಂತರೆ ಒತ್ತಡ ಏರಿದ ಗ್ಲಾಕೋಮಾ ಆಗಿರಬಹುದು, ಅದರಲ್ಲಿ ದೃಷ್ಟಿ ಗಂಟೆಗಳ ಲೆಕ್ಕದಲ್ಲಿ ಹೋಗುತ್ತದೆ. ನಮ್ಮಲ್ಲಿ ಎಲ್ಲೆಡೆಯಿರುವ ಉಣ್ಣೆಗಳಿಂದ ಹರಡುವ ಎರ್ಲಿಕಿಯಾ ಜ್ವರ ಕಣ್ಣಿನೊಳಗೆ ಉರಿಯೂತವನ್ನೂ ರಕ್ತಸ್ರಾವವನ್ನೂ ಉಂಟುಮಾಡುತ್ತದೆ. ಇದಕ್ಕೆ ಬೇಕಾದದ್ದು ರಕ್ತಪರೀಕ್ಷೆ. ಲಸಿಕೆಯಾಗದ ನಾಯಿಮರಿಗೆ ಎರಡೂ ಕಣ್ಣುಗಳಲ್ಲಿ ಹಳದಿ ಗೀಜು, ಮೂಗಿನಲ್ಲಿ ಸಿಂಬಳ ಮತ್ತು ಜ್ವರ ಒಟ್ಟಿಗೆ ಬಂದರೆ ಡಿಸ್ಟೆಂಪರ್ ಎಂಬ ಸಾಂಕ್ರಾಮಿಕ ವೈರಸ್ ಕಾಯಿಲೆಯೆಂದು ಭಾವಿಸಿ ಬೇರೆ ನಾಯಿಗಳಿಂದ ದೂರವಿರಿಸಿ ಆಸ್ಪತ್ರೆಗೆ ಒಯ್ಯಬೇಕು. ಕಣ್ಣಿನ ಮೂಲೆಯಲ್ಲಿ ಕೆಂಪು ಮಾಂಸದ ಉಂಡೆಯಂತೆ ಹೊರಬರುವ ಚೆರ್ರಿ ಐ ಸೋಂಕಲ್ಲ, ಜಾರಿದ ಕಣ್ಣೀರಿನ ಗ್ರಂಥಿ. ಅದನ್ನು ಕತ್ತರಿಸಿ ತೆಗೆಯುತ್ತೇವೆ ಎನ್ನುವವರಿಗಿಂತ ಒಳಗೆ ಕೂರಿಸಿ ಹೊಲಿಯುತ್ತೇವೆ ಎನ್ನುವವರನ್ನು ಆರಿಸಿಕೊಳ್ಳಬೇಕು, ಏಕೆಂದರೆ ಗ್ರಂಥಿ ಹೋದ ಕಣ್ಣು ಮುಂದೆ ಒಣಗುವ ಸಂಭವ ಹೆಚ್ಚು.

ಶುಚಿಗೊಳಿಸಲು ಮೆಡಿಕಲ್ ಶಾಪಿನ ಸಾಧಾರಣ ಸಲೈನ್ ಬಾಟಲಿಗೆ ಸಮನಾದದ್ದಿಲ್ಲ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಅದರ ಹಲವು ಪಟ್ಟು ಬೆಲೆಗೆ ಸಿಗುವ ಸುವಾಸನೆಯ ಐ ವೈಪುಗಳು ನಮ್ಮ ಮನೆಯಲ್ಲಿ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದಿಲ್ಲ. ಬೋರಿಕ್ ಪುಡಿಯ ನೀರು ಬೇಡ, ಪ್ರಾಣಿ ಅದನ್ನು ನೆಕ್ಕಿ ನುಂಗುತ್ತದೆ. ನಂದಿಬಟ್ಟಲು ಹೂವನ್ನು ಮನುಷ್ಯರು ಕಣ್ಣಿನ ಮೇಲಿಟ್ಟುಕೊಂಡು ತಂಪು ಮಾಡಿಕೊಳ್ಳುವುದನ್ನು ನಾನು ಆಕ್ಷೇಪಿಸುವುದಿಲ್ಲ, ಆದರೆ ಅದರ ರಸವನ್ನೋ ಜೇನನ್ನೋ ಹರಳೆಣ್ಣೆಯನ್ನೋ ಹುಣ್ಣಾದ ಕಣ್ಣಿಗೆ ಹಿಂಡುವುದು ಸಲ್ಲದು.

ಒಣಗಣ್ಣಿನ ನಾಯಿಗೆ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಹನಿ ತಾತ್ಕಾಲಿಕ ನೆಮ್ಮದಿ ಕೊಡುತ್ತದೆ. ನಿಜವಾದ ಔಷಧಿ ಸೈಕ್ಲೊಸ್ಪೊರಿನ್, ಅದು ಕಣ್ಣೀರಿನ ಗ್ರಂಥಿಯ ಮೇಲೆ ದೇಹವೇ ನಡೆಸುತ್ತಿರುವ ದಾಳಿಯನ್ನು ತಡೆಯುತ್ತದೆ. ನಾಯಿಗಳಿಗೆಂದೇ ತಯಾರಾದ ಮುಲಾಮು 0.2 ಪ್ರತಿಶತದ್ದು, ಮನುಷ್ಯರ ಹನಿಯಲ್ಲಿ ಸಾಮಾನ್ಯವಾಗಿರುವುದು 0.05, ಒಂದರ ಬದಲಿಗೆ ಇನ್ನೊಂದನ್ನು ತಂದುಕೊಂಡು ಫಲ ಸಿಗಲಿಲ್ಲವೆಂದು ದೂರಿ ಉಪಯೋಗವಿಲ್ಲ. ಪರಿಣಾಮ ಕಾಣಲು ಹಲವು ವಾರಗಳು ಬೇಕು, ಖರ್ಚು ಹೆಚ್ಚು, ಸಾಮಾನ್ಯವಾಗಿ ಜೀವನಪೂರ್ತಿ ಹಾಕಬೇಕು. ಆದರೂ ಕಾರ್ನಿಯಾದ ಮೇಲೆ ಕಂದು ಬಣ್ಣ ಹಬ್ಬಿ ಕುರುಡಾಗುತ್ತಿರುವ ಪಗ್‌ಗಳನ್ನು ನೋಡಿದವರಿಗೆ ಆ ಖರ್ಚು ದುಬಾರಿಯೆನಿಸುವುದಿಲ್ಲ.

ಹನಿ ಹಾಕುವಾಗ ಎದುರಿನಿಂದ ಬಾಟಲಿ ತೋರಿಸದೆ, ಪ್ರಾಣಿಯನ್ನು ಎರಡು ಮೊಣಕಾಲುಗಳ ನಡುವೆ ಬೆನ್ನು ನಮ್ಮ ಕಡೆಗಿರುವಂತೆ ಕೂರಿಸಿ, ಗಲ್ಲವನ್ನು ಮೇಲಕ್ಕೆತ್ತಿ, ಬಾಟಲಿ ಹಿಡಿದ ಕೈಯ ಅಂಚಿನಿಂದಲೇ ಮೇಲ್ರೆಪ್ಪೆಯನ್ನು ಹಿಂದಕ್ಕೆಳೆದು ಒಂದು ಹನಿ ಬಿಡಬೇಕು. ಎರಡನೆಯ ಹನಿ ಕೆನ್ನೆಗಷ್ಟೇ ಇಳಿಯುತ್ತದೆ. ಎರಡು ಔಷಧಿಗಳಿದ್ದರೆ ನಡುವೆ ಐದು ನಿಮಿಷ ಬಿಟ್ಟು, ಮುಲಾಮನ್ನು ಕೊನೆಗೆ ಹಾಕಬೇಕು. ಸಾಮಾನ್ಯವಾಗಿ ತೆರೆದು ಒಂದು ತಿಂಗಳಾದ ಬಾಟಲಿಯನ್ನು ಎಸೆಯಬೇಕು.

ಇಷ್ಟೆಲ್ಲ ಮಾಡಿಯೂ ಪ್ರಾಣಿ ಪಂಜದಿಂದ ಕಣ್ಣುಜ್ಜಿಕೊಂಡರೆ ಎಲ್ಲವೂ ವ್ಯರ್ಥವಾಗುವುದರಿಂದ ಕಾಲರ್ ಬೇಕೇ ಬೇಕು. ನೋಡಲು ಮುದ್ದಾಗಿರುವ ಗಾಳಿ ತುಂಬುವ ಕಾಲರ್ ಹೊಟ್ಟೆಯ ಹೊಲಿಗೆಗೆ ಸರಿಹೋಗಬಹುದು, ಕಣ್ಣಿಗೆ ಪಂಜ ತಾಗುವುದನ್ನು ತಡೆಯುವುದಿಲ್ಲ. ಬಟ್ಟೆಯದು ಮಡಚಿಕೊಳ್ಳುತ್ತದೆ. ಸದ್ದು ಮಾಡುತ್ತ ಬಾಗಿಲಿಗೆ ಬಡಿಯುವ ಗಟ್ಟಿ ಪ್ಲಾಸ್ಟಿಕ್ಕಿನ ಶಂಕುವೇ ಇಲ್ಲಿ ಗೆಲ್ಲುವುದು, ಅದರ ಅಂಚು ಮೂಗಿನ ತುದಿಯನ್ನು ದಾಟಿ ಮುಂದಿರಬೇಕು. ಪಗ್‌ನ ಕುತ್ತಿಗೆ ತಲೆಯಷ್ಟೇ ದಪ್ಪವಿರುವುದರಿಂದ ಪ್ಯಾಕೆಟ್ಟಿನ ಮೇಲೆ ಬರೆದಿರುವ ತೂಕದ ಲೆಕ್ಕವನ್ನು ನಂಬಿ ಕೊಂಡರೆ ಅದು ಜಾರಿ ಕಳಚಿಕೊಳ್ಳುತ್ತದೆ. ಸುತ್ತಳತೆಯನ್ನು ಟೇಪಿನಲ್ಲಿ ಅಳೆದು, ಸರಿಹೋಗದಿದ್ದರೆ ಬದಲಾಯಿಸಿಕೊಡುವ ಅಂಗಡಿಯಲ್ಲೇ ತೆಗೆದುಕೊಂಡು, ಎದೆಗೆ ಕಟ್ಟುವ ಬೆಲ್ಟಿಗೆ ದಾರದಿಂದ ಬಿಗಿದುಕೊಳ್ಳಬೇಕು.