ಎಂಟು ತಿಂಗಳ ಟ್ಯಾಟೂ ಕಿಟ್: ಮಷಿನ್ ಇಟ್ಕೊಳ್ಳಿ, ಸೂಜಿ ಬಿಸಾಕಿ

ಈ ಕಿಟ್ಟನ್ನು ಕಲಬುರಗಿಗೆ ಆನ್‌ಲೈನ್‌ನಲ್ಲಿ 3,400 ರೂಪಾಯಿಗೆ ತರಿಸಿ ಎಂಟು ತಿಂಗಳಾಯ್ತು. ಒಳಗೆ ಮಷಿನ್, ಸೂಜಿ, ಇಂಕ್, ಪ್ರಾಕ್ಟೀಸ್‌ಗೆ ಸಿಲಿಕಾನ್ ಚರ್ಮ ಇತ್ತು.

ಪೆನ್ ಥರದ ರೋಟರಿ ಮಷಿನ್ ಬಗ್ಗೆ ನನಗೆ ತಕರಾರಿಲ್ಲ. ಹಗಲೆಲ್ಲ ಫ್ಲೆಕ್ಸ್ ಡಿಸೈನ್ ಮಾಡುವ ಕೆಲಸ. ರಾತ್ರಿ ಊಟ ಆದ ಮೇಲೆ ಒಂದು ತಾಸು ಇದರದ್ದು. ಪ್ರಾಕ್ಟೀಸ್‌ಗೆ ಬರುವ ಸಿಲಿಕಾನ್ ಚರ್ಮವನ್ನು ನೀರಿನ ಬಾಟಲಿಗೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕ್ತೀನಿ. ಕೈಯಷ್ಟೇ ಗುಂಡಗೆ ಸಿಗುತ್ತೆ. ಸ್ಟೆನ್ಸಿಲ್ ಒತ್ತಿ, ಒಣಗಲು ಬಿಟ್ಟು, ಮೇಲೆ ತೆಳ್ಳಗೆ ವ್ಯಾಸಲಿನ್. 7 ವೋಲ್ಟ್‌ಗೆ ಇಟ್ಟರೆ ಗೆರೆ ಸಲೀಸು. ಏಪ್ರಿಲ್‌ನಲ್ಲಿ ಮಾತ್ರ ಕಷ್ಟ. ನಮ್ಮೂರ ಬಿಸಿಲಿಗೆ ವ್ಯಾಸಲಿನ್ ಡಬ್ಬಿಯೊಳಗೇ ಎಣ್ಣೆಯಾಗಿರುತ್ತೆ.

ಎರಡನೇ ತಿಂಗಳು ಗೆಳೆಯನೊಬ್ಬ ಬಂದು ಮುಂಗೈ ಚಾಚಿದ. "ಅವ್ವ ಅಂತ ಬರಿ, ಸಾಕು" ಅಂದ. ಖುಷಿಯಿಂದ ಗ್ಲೌಸ್ ಹಾಕಿಕೊಂಡೆ. ಸೂಜಿ ಪ್ಯಾಕೆಟ್ ತಿರುಗಿಸಿ ನೋಡಿದೆ. ತಾರೀಖಿಲ್ಲ, ಬ್ಯಾಚ್ ನಂಬರ್ ಇಲ್ಲ. ಇಓ (ಎಥಿಲೀನ್ ಆಕ್ಸೈಡ್) ಗ್ಯಾಸ್‌ನಿಂದ ಸ್ಟೆರಿಲೈಜ್ ಆಗಿದೆ, ಅಂದರೆ ರೋಗಾಣು ಕೊಂದಿದ್ದಾರೆ ಅನ್ನುವ ಗುರುತೂ ಇಲ್ಲ. ಬರೀ '3ಆರ್‌ಎಲ್' ಅಂತಿದೆ, ಅಂದರೆ ಗೆರೆ ಎಳೆಯುವ ಮೂರು ಸೂಜಿಯ ಗುಂಪು.

ಯಾಕೋ ಅನುಮಾನ ಬಂದು ಮಷಿನ್‌ನ ಬಾಯೊಳಗೆ ಇಯರ್ ಬಡ್ ಹಾಕಿ ತಿರುಗಿಸಿದೆ. ಕಪ್ಪಗೆ ಬಂತು! ಒಳ್ಳೆ ಕಾರ್ಟ್ರಿಡ್ಜ್‌ನಲ್ಲಿ (ಸೂಜಿ ಕೂತಿರುವ ಪ್ಲಾಸ್ಟಿಕ್ ಕೊಳವೆ, ಅದನ್ನೇ ಮಷಿನ್‌ಗೆ ಸಿಕ್ಕಿಸೋದು) ಇಂಕ್ ಹಿಂದಕ್ಕೆ ಹರಿಯದ ಹಾಗೆ ಒಂದು ರಬ್ಬರ್ ಪೊರೆ ಇರುತ್ತೆ. ಇದರಲ್ಲಿ ಅದೇ ಇಲ್ಲ. ಇಂಕ್ ಹೋದ ದಾರಿಯಲ್ಲಿ ರಕ್ತವೂ ಹೋಗುತ್ತೆ ಅಲ್ವಾ? ಆಮೇಲೆ ಹೊಸ ಸೂಜಿ ಹಾಕಿದರೂ ಏನು ಬಂತು, ಹಿಂದಿನವನ ರಕ್ತ ಮಷಿನ್‌ನಲ್ಲೇ ಕೂತಿರುತ್ತೆ. ಹೆಪಟೈಟಿಸ್ ಬಿ, ಸಿ ಎರಡೂ ರಕ್ತದಿಂದ ಹರಡುವ ಕಾಯಿಲೆ. ಗೆಳೆಯನಿಗೆ ಚಹಾ ಕುಡಿಸಿ ಕಳಿಸಿದೆ. ಮಾರಿದವರಿಗೆ ಮೆಸೇಜ್ ಹಾಕಿದರೆ "ಪ್ರೊಫೆಷನಲ್ ಕ್ವಾಲಿಟಿ ಸರ್" ಅಂತ ಉತ್ತರ, ಜೊತೆಗೊಂದು ಹೆಬ್ಬೆರಳು.

ಇದನ್ನೆಲ್ಲ ಅಜ್ಜಿಗೆ ಹೇಳಿದರೆ ನಕ್ಕಳು. ಅವಳ ಮುಂಗೈ ಮೇಲೆ ಹಸಿರು ಚೇಳಿನ ಹಚ್ಚೆ ಇದೆ. "ನಮ್ ಕಾಲದಾಗ ಇಡೀ ಓಣಿಗೆ ಒಂದೇ ಸೂಜಿ ಇತ್ತು ನೋಡು" ಅಂದಳು. ನನಗೆ ನಗು ಬರಲಿಲ್ಲ.

ಈಗ ಹೈದರಾಬಾದಿಗೆ ಹೋಗುವವರ ಕೈಲಿ ಪೊರೆ ಇರುವ ಕಾರ್ಟ್ರಿಡ್ಜ್ ತರಿಸ್ತೀನಿ. 20ರ ಬಾಕ್ಸ್‌ಗೆ 900 ರೂಪಾಯಿ. ನನ್ನ ಸಂಬಳಕ್ಕೆ ಅದು ಜಾಸ್ತಿನೇ. ಹಾಗಾಗಿ ದಿನಾ ಕೂರುವುದು ನಿಂತು ವಾರಕ್ಕೆ ಎರಡು ರಾತ್ರಿ ಆಗಿದೆ. ಕಿಟ್‌ನ ಇಂಕ್ ಬಾಟಲಿಗೂ ಸರಿಯಾದ ಲೇಬಲ್ ಇಲ್ಲ, ಸಿಲಿಕಾನ್‌ಗೆ ಸಾಕು. ಮನುಷ್ಯರ ಚರ್ಮ ಇನ್ನೂ ಮುಟ್ಟಿಲ್ಲ. ಕಲಿಸುವವರು ಯಾರಾದರೂ ಪಕ್ಕದಲ್ಲಿ ಕೂರುವ ತನಕ ಮುಟ್ಟೋದೂ ಇಲ್ಲ.

ಸದ್ಯ ಅಜ್ಜಿಯ ಚೇಳನ್ನೇ ನಕಲು ಮಾಡ್ತಿದ್ದೀನಿ. ಮೊನ್ನೆ ಹನ್ನೊಂದನೇ ಸಲ ತೋರಿಸಿದೆ. ಕನ್ನಡಕ ಹಾಕಿಕೊಂಡು, ತನ್ನ ಕೈ ಪಕ್ಕದಲ್ಲಿ ಹಿಡಿದು ನೋಡಿ, "ಕೊಂಡಿ ಸೊಟ್ಟ ಆಗ್ಯಾದ" ಅಂದಳು.